ಶೇ 24ರ ಪಾಲು, ಅದರ ಹಿಂದಿನ ಹಿಡಿತ: ವಿಮಾನಯಾನ ಸಂಸ್ಥೆಗಳ ಷೇರು ಖರೀದಿಯ ಸುದ್ದಿಯನ್ನು ಓದುವ ಬಗೆ

ಒಂದು ವಿಮಾನಯಾನ ಸಂಸ್ಥೆ ಇನ್ನೊಂದರಲ್ಲಿ ಅರ್ಧಕ್ಕಿಂತ ಕಡಿಮೆ ಪಾಲನ್ನು ಕೊಂಡಿದೆ ಎಂಬ ಸುದ್ದಿ ಬಂದಾಗ ತಲೆಬರಹದಲ್ಲಿ ಸಾಮಾನ್ಯವಾಗಿ ಎರಡೇ ಅಂಕಿಗಳಿರುತ್ತವೆ: ಎಷ್ಟು ಶೇಕಡಾ ಪಾಲು, ಎಷ್ಟು ಹಣ. ಈ ಎರಡನ್ನೇ ನೋಡಿ ಯಾರು ಗೆದ್ದರು, ಯಾರು ಸೋತರು ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಇಂತಹ ವ್ಯವಹಾರದಲ್ಲಿ ಷೇರು ಖರೀದಿ ಹಲವು ಒಪ್ಪಂದಗಳಲ್ಲಿ ಒಂದು ಮಾತ್ರ, ಮತ್ತು ಎಷ್ಟೋ ಸಲ ಅದು ಅವುಗಳಲ್ಲಿ ಮುಖ್ಯವಾದದ್ದೂ ಅಲ್ಲ. ಕಂಪನಿಯ ಷೇರು ಇಟ್ಟುಕೊಂಡವರು, ಅಲ್ಲಿ ಕೆಲಸ ಮಾಡುವವರು, ಅದೇ ಕಂಪನಿಯ ವಿಮಾನದಲ್ಲಿ ಮತ್ತೆ ಮತ್ತೆ ಪ್ರಯಾಣ ಮಾಡಿ ಅಂಕ ಕೂಡಿಸಿಟ್ಟವರು ಇಂತಹ ಪ್ರಕಟಣೆಯನ್ನು ಯಾವ ಕ್ರಮದಲ್ಲಿ ಓದಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು, ಇದೇ ಸಂಖ್ಯೆ ಏಕೆ ಎಂಬ ಪ್ರಶ್ನೆ. ವಿಮಾನಯಾನದಲ್ಲಿ ಪಾಲಿನ ಶೇಕಡಾ ಸಾಮಾನ್ಯವಾಗಿ ಯಾವುದೋ ಕಾನೂನಿನ ಗಡಿಗೆ ಒಂದು ಗೇಣು ಈಚೆ ನಿಂತಿರುತ್ತದೆ. ಎರಡು ದೇಶಗಳ ನಡುವೆ ಯಾವ ಕಂಪನಿಗಳು ಹಾರಬಹುದು ಎಂಬುದು ಆ ದೇಶಗಳ ಸರ್ಕಾರಗಳು ಮಾಡಿಕೊಂಡ ಒಪ್ಪಂದಗಳಿಂದ ನಿರ್ಧಾರವಾಗುತ್ತದೆ, ಮತ್ತು ಕಂಪನಿಯ ಗಣನೀಯ ಒಡೆತನವೂ ಪರಿಣಾಮಕಾರಿ ನಿಯಂತ್ರಣವೂ ತನ್ನ ದೇಶದವರ ಕೈಯಲ್ಲೇ ಇರಬೇಕು ಎಂಬ ಷರತ್ತು ಅಂತಹ ಬಹುಪಾಲು ಒಪ್ಪಂದಗಳಲ್ಲಿ ಇರುತ್ತದೆ. ಒಡೆತನ ಹೊರಗಿನವರಿಗೆ ಹೋದರೆ ಹಾರುವ ಹಕ್ಕಿಗೇ ಕುತ್ತು ಬರಬಹುದು. ಆದ್ದರಿಂದಲೇ ಅಮೆರಿಕದಲ್ಲಿ ಅಲ್ಲಿನ ವಿಮಾನಯಾನ ಕಂಪನಿಯ ಮತದಾನದ ಷೇರುಗಳಲ್ಲಿ ವಿದೇಶಿಯರಿಗೆ ಶೇ 25ರ ಮಿತಿಯಿದೆ. ಯುರೋಪಿಯನ್ ಒಕ್ಕೂಟದಲ್ಲಿ ಅರ್ಧಕ್ಕಿಂತ ಹೆಚ್ಚು ಒಡೆತನ ಸದಸ್ಯ ದೇಶಗಳು ಅಥವಾ ಅವುಗಳ ನಾಗರಿಕರ ಬಳಿ ಇರಬೇಕು. ಭಾರತ 2012ರ ಸೆಪ್ಟೆಂಬರ್‌ನಲ್ಲಿ ವಿದೇಶಿ ವಿಮಾನಯಾನ ಸಂಸ್ಥೆಗಳಿಗೆ ಶೇ 49ರವರೆಗೆ ಪಾಲು ಕೊಳ್ಳಲು ಅವಕಾಶ ಕೊಟ್ಟಾಗ, ಅಧ್ಯಕ್ಷರು ಮತ್ತು ನಿರ್ದೇಶಕರಲ್ಲಿ ಮೂರನೇ ಎರಡು ಭಾಗದವರು ಭಾರತೀಯ ನಾಗರಿಕರಾಗಿರಬೇಕು ಎಂದೂ ವಿಧಿಸಿತು. ಇಟಲಿಯ ಅಲಿಟಾಲಿಯಾದಲ್ಲಿ ಅಬುಧಾಬಿಯ ಎತಿಹಾದ್, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್‌ನಲ್ಲಿ ಅಮೆರಿಕದ ಡೆಲ್ಟಾ ಕೊಂಡ ಪಾಲು ಎರಡೂ ಶೇ 49 ಆಗಿದ್ದದ್ದು ಆಕಸ್ಮಿಕವಲ್ಲ.

ಇದರ ಜೊತೆಗೆ ಷೇರುಪೇಟೆಯ ನಿಯಮಗಳು ಹಾಕುವ ಗಡಿಗಳೂ ಇವೆ. ಭಾರತದಲ್ಲಿ ಶೇ 25 ಅಥವಾ ಅದಕ್ಕಿಂತ ಹೆಚ್ಚು ಮತದಾನದ ಹಕ್ಕು ಪಡೆದವರು ಉಳಿದ ಷೇರುದಾರರಿಂದಲೂ ಇನ್ನೂ ಶೇ 26ರಷ್ಟು ಷೇರು ಕೊಳ್ಳಲು ಓಪನ್ ಆಫರ್ ಮುಂದಿಡಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಇಂತಹ ಗಡಿ ಶೇ 30. ಲೆಕ್ಕಪತ್ರದ ನಿಯಮಗಳಲ್ಲಿ ಶೇ 20 ಇನ್ನೊಂದು ಮೆಟ್ಟಿಲು. ಅಲ್ಲಿಂದ ಮೇಲಕ್ಕೆ ಗಣನೀಯ ಪ್ರಭಾವವಿದೆ ಎಂದು ಭಾವಿಸಿ, ಕೊಂಡವರು ಇನ್ನೊಂದು ಕಂಪನಿಯ ಲಾಭನಷ್ಟದಲ್ಲಿ ತಮ್ಮ ಪಾಲನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಪ್ರಕಟಣೆಯಲ್ಲಿ 19.9, 24, 24.9, 29 ಹೀಗೆ ಯಾವ ಸಂಖ್ಯೆ ಕಂಡರೂ ಅದು ಯಾವ ಗಡಿಯ ಮಗ್ಗುಲಲ್ಲಿ ನಿಂತಿದೆ ಎಂದು ಗುರುತಿಸಿಕೊಂಡರೆ, ಕೊಂಡವರು ಯಾವ ಹೊಣೆಯನ್ನು ಹೊರಲು ಬಯಸಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಎರಡನೆಯದಾಗಿ, ಹಣ ಯಾರ ಕೈ ಸೇರುತ್ತದೆ ಎಂದು ನೋಡಬೇಕು. ನನ್ನ ಮಟ್ಟಿಗೆ ಇದು ಶೇಕಡಾಕ್ಕಿಂತ ಮುಖ್ಯವಾದ ಪ್ರಶ್ನೆ, ಆದರೆ ಸುದ್ದಿಯಲ್ಲಿ ಇದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. ಹಳೆಯ ಷೇರುದಾರರ ಬಳಿಯಿದ್ದ ಷೇರುಗಳನ್ನು ಕೊಂಡರೆ ಹಣ ಆ ಷೇರುದಾರರಿಗೆ ಹೋಗುತ್ತದೆ. ಕಂಪನಿಯ ಬೊಕ್ಕಸಕ್ಕೆ ಒಂದು ಪೈಸೆಯೂ ಬರುವುದಿಲ್ಲ. 2012ರ ಡಿಸೆಂಬರ್‌ನಲ್ಲಿ ಡೆಲ್ಟಾ 36 ಕೋಟಿ ಡಾಲರ್ ಕೊಡುವುದಾಗಿ ಪ್ರಕಟಿಸಿದಾಗ ಅದನ್ನು ಪಡೆಯಬೇಕಿದ್ದದ್ದು ವರ್ಜಿನ್ ಅಟ್ಲಾಂಟಿಕ್ ಅಲ್ಲ, ತನ್ನ ಪಾಲನ್ನು ಮಾರಿದ ಸಿಂಗಪುರ ಏರ್‌ಲೈನ್ಸ್. ಅದೇ ಪಾಲಿಗೆ ಸಿಂಗಪುರ ಏರ್‌ಲೈನ್ಸ್ ಹಿಂದೆ ಕೊಟ್ಟಿದ್ದದ್ದು ಸುಮಾರು 60 ಕೋಟಿ ಪೌಂಡ್. ಹೊಸ ಷೇರುಗಳನ್ನು ಹೊರಡಿಸಿ ಕೊಟ್ಟರೆ ಹಣ ನೇರವಾಗಿ ಕಂಪನಿಗೆ ಬರುತ್ತದೆ. 2025ರ ಜನವರಿಯಲ್ಲಿ ಲುಫ್ತಾನ್ಸಾ ಇಟಲಿಯ ಐಟಿಎ ಏರ್‌ವೇಸ್‌ನ ಶೇ 41ರ ಪಾಲು ಪಡೆದದ್ದು ಹೀಗೆ, 32.5 ಕೋಟಿ ಯೂರೊ ಬಂಡವಾಳ ಹೆಚ್ಚಳದ ರೂಪದಲ್ಲಿ ಐಟಿಎಗೇ ಸೇರಿತು.

ಹೊಸ ಷೇರುಗಳಾದರೆ ಹಳೆಯ ಷೇರುದಾರರು ಒಂದು ಸಣ್ಣ ಲೆಕ್ಕವನ್ನು ಕೈಯಾರೆ ಮಾಡಿ ನೋಡಬೇಕು. 2013ರ ಏಪ್ರಿಲ್ 24ರಂದು ಪ್ರಕಟವಾದ, ಭಾರತದ ಜೆಟ್ ಏರ್‌ವೇಸ್ ಮತ್ತು ಎತಿಹಾದ್ ವ್ಯವಹಾರವನ್ನೇ ತೆಗೆದುಕೊಳ್ಳೋಣ. ಜೆಟ್‌ನ ಷೇರುಗಳು ಆಗ ಸುಮಾರು 8.63 ಕೋಟಿ. ಎತಿಹಾದ್‌ಗೆ ಹೊಸದಾಗಿ ಕೊಟ್ಟದ್ದು ಸುಮಾರು 2.73 ಕೋಟಿ. ಎರಡೂ ಸೇರಿ 11.36 ಕೋಟಿ, ಅದರಲ್ಲಿ 2.73 ಕೋಟಿ ಎಂದರೆ ಶೇ 24. ಮೊದಲು ನೂರರಲ್ಲಿ ಒಂದು ಪಾಲು ಇದ್ದವರಿಗೆ ಈಗ ಉಳಿದದ್ದು 0.76. ಪಾಲು ಕರಗಿತು ನಿಜ, ಆದರೆ ಷೇರೊಂದಕ್ಕೆ ಎತಿಹಾದ್ ಕೊಡಲು ಒಪ್ಪಿದ ಬೆಲೆ ಸುಮಾರು 754 ರೂಪಾಯಿ 74 ಪೈಸೆ, ಅಂದರೆ ಪೇಟೆಯ ಬೆಲೆಗಿಂತ ಸುಮಾರು ಶೇ 32 ಹೆಚ್ಚು. ಒಟ್ಟು ಸುಮಾರು 2,058 ಕೋಟಿ ರೂಪಾಯಿ. ಪೇಟೆಗಿಂತ ಅಷ್ಟು ಹೆಚ್ಚು ಬೆಲೆಯನ್ನು ಬರೀ ಷೇರಿಗಾಗಿ ಯಾರೂ ಕೊಡುವುದಿಲ್ಲ. ಆ ಹೆಚ್ಚುವರಿ ಹಣಕ್ಕೆ ಪ್ರತಿಯಾಗಿ ಏನು ಸಿಕ್ಕಿತು ಎಂದು ಹುಡುಕಲು ಹೊರಟರೆ ಮೂರನೆಯ ಹೆಜ್ಜೆಗೆ ಬರುತ್ತೇವೆ.

ಈ ಹೆಜ್ಜೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಷೇರು ಒಪ್ಪಂದದ ಜೊತೆಯಲ್ಲಿ ಬಂದ ಉಳಿದ ಕಾಗದಗಳನ್ನು ಒಂದೊಂದಾಗಿ ಪಟ್ಟಿ ಮಾಡಿಕೊಳ್ಳಿ. ವಿಮಾನಯಾನ ಕಂಪನಿಯ ಬಳಿ ನಿಜವಾದ ಬೆಲೆ ಇರುವ ವಸ್ತುಗಳು ಕೆಲವೇ. ವಿಮಾನಗಳು ಸಾಮಾನ್ಯವಾಗಿ ಬಾಡಿಗೆಯವು ಅಥವಾ ಸಾಲದವು. ಆದರೆ ಕಿಕ್ಕಿರಿದ ನಿಲ್ದಾಣಗಳಲ್ಲಿ ಇಳಿಯಲು ಮತ್ತು ಏರಲು ನಿಗದಿಯಾದ ಸಮಯ, ಅಂದರೆ ಸ್ಲಾಟ್, ಮತ್ತು ಪದೇ ಪದೇ ಹಾರುವ ಪ್ರಯಾಣಿಕರ ಅಂಕಗಳ ಯೋಜನೆ, ಇವು ಹಣಕ್ಕೆ ಸುಲಭವಾಗಿ ಸಿಗದ ಆಸ್ತಿಗಳು. ಜೆಟ್ ವ್ಯವಹಾರದಲ್ಲಿ ಲಂಡನ್ ಹೀಥ್ರೋ ನಿಲ್ದಾಣದ ಮೂರು ಜೋಡಿ ಸ್ಲಾಟ್‌ಗಳನ್ನು ಎತಿಹಾದ್ 7 ಕೋಟಿ ಡಾಲರ್‌ಗೆ ಕೊಂಡು ಜೆಟ್‌ಗೇ ಗುತ್ತಿಗೆಗೆ ಕೊಟ್ಟಿತು. ಜೆಟ್ ಪ್ರಿವಿಲೇಜ್ ಎಂಬ ಅಂಕಗಳ ಯೋಜನೆಯ ಶೇ 50.1 ಪಾಲಿಗೆ 15 ಕೋಟಿ ಡಾಲರ್ ಗೊತ್ತುಪಡಿಸಿತು. ಈ ಕೊನೆಯ ಸಂಖ್ಯೆಯನ್ನು ಗಮನಿಸಬೇಕು: ಕಂಪನಿಯಲ್ಲಿ ಶೇ 24 ಇದ್ದವರು ಅದರ ಯೋಜನೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಒಡೆಯರಾದರು. ವಿಮಾನಯಾನ ಕಂಪನಿಯ ಒಡೆತನಕ್ಕಿರುವ ಮಿತಿ ಅಂಕಗಳ ಯೋಜನೆಗಾಗಿ ಪ್ರತ್ಯೇಕವಾಗಿ ಕಟ್ಟಿದ ಕಂಪನಿಗೆ ಅನ್ವಯಿಸುವುದಿಲ್ಲ. ವ್ಯವಹಾರ ಪ್ರಕಟವಾದ ದಿನವೇ ಭಾರತ ಮತ್ತು ಅಬುಧಾಬಿ ನಡುವಿನ ವಾರದ ಆಸನಗಳ ಮಿತಿಯನ್ನು ಸುಮಾರು 13,330ರಿಂದ ಹಂತಹಂತವಾಗಿ 50,000ಕ್ಕೆ ಏರಿಸುವ ಒಪ್ಪಂದವೂ ಆಯಿತು. ಅದು ಕಂಪನಿಗಳ ಕಾಗದವಲ್ಲ, ಸರ್ಕಾರಗಳ ಕಾಗದ. ಆದರೂ ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಷೇರಿನ ಬೆಲೆಯನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ.

ಜೊತೆಯ ಕಾಗದಗಳಲ್ಲಿ ಇನ್ನೂ ಕೆಲವನ್ನು ಹುಡುಕಿ ನೋಡಬೇಕು. ಕೋಡ್‌ಶೇರ್ ಒಪ್ಪಂದವಾದರೆ ಒಬ್ಬರ ವಿಮಾನದಲ್ಲಿ ಇನ್ನೊಬ್ಬರ ಟಿಕೆಟ್ ಮಾರಬಹುದು, ಅಷ್ಟೇ. ಜಂಟಿ ಉದ್ಯಮವಾದರೆ ಮಾರ್ಗದ ದರ, ವೇಳಾಪಟ್ಟಿ, ವರಮಾನ ಮೂರನ್ನೂ ಇಬ್ಬರೂ ಕೂಡಿ ನಿರ್ಧರಿಸುತ್ತಾರೆ. ಅದಕ್ಕೆ ಸ್ಪರ್ಧಾ ಕಾನೂನಿನಿಂದ ವಿನಾಯಿತಿ ಬೇಕಾಗುತ್ತದೆ, ಮತ್ತು ಪ್ರಯಾಣಿಕರ ಜೇಬಿಗೆ ತಟ್ಟುವುದು ಷೇರಿನ ಪಾಲಿಗಿಂತ ಇದೇ. ಸಾಲಕ್ಕೆ ಜಾಮೀನು ಕೊಟ್ಟಿದ್ದಾರೆಯೇ, ಮುಂದೆ ಉಳಿದ ಷೇರುಗಳನ್ನು ಕೊಳ್ಳುವ ಹಕ್ಕು ಇಟ್ಟುಕೊಂಡಿದ್ದಾರೆಯೇ ಎಂಬುದನ್ನೂ ನೋಡಿ. ಐಟಿಎ ವಿಷಯದಲ್ಲಿ ಲುಫ್ತಾನ್ಸಾ ಅಂತಹ ಹಕ್ಕನ್ನು ಮೊದಲೇ ಬರೆಸಿಕೊಂಡಿತ್ತು. ಅಲ್ಲಿ ಅಲ್ಪ ಪಾಲು ಎಂಬುದು ಪೂರ್ಣ ಖರೀದಿಯ ಮೊದಲ ಕಂತು.

ನಾಲ್ಕನೆಯದಾಗಿ, ಯಾರಿಗೆ ಬೇಡ ಎನ್ನುವ ಅಧಿಕಾರವಿದೆ ಎಂದು ತಿಳಿಯಬೇಕು. ಆಡಳಿತ ನಡೆಸುವ ಅಧಿಕಾರ ಒಂದು, ಆಡಳಿತವನ್ನು ತಡೆಯುವ ಅಧಿಕಾರ ಇನ್ನೊಂದು. ಭಾರತದ ಕಂಪನಿ ಕಾನೂನಿನಂತೆ ವಿಶೇಷ ನಿರ್ಣಯಕ್ಕೆ ಚಲಾವಣೆಯಾದ ಮತಗಳಲ್ಲಿ ಮುಕ್ಕಾಲು ಭಾಗ ಬೇಕು. ಕಾಲು ಭಾಗಕ್ಕಿಂತ ಹೆಚ್ಚು ಹಿಡಿದವರು ಒಂಟಿಯಾಗಿಯೇ ಅದನ್ನು ಕೆಡವಬಹುದು. ಸಭೆಗೆ ಎಲ್ಲರೂ ಬರುವುದಿಲ್ಲವಾದ್ದರಿಂದ ಅದಕ್ಕಿಂತ ಕಡಿಮೆ ಪಾಲೂ ಎಷ್ಟೋ ಸಲ ಸಾಕಾಗುತ್ತದೆ. ಇದಕ್ಕೆ ಐರ್ಲೆಂಡಿನ ಏರ್ ಲಿಂಗಸ್ ಉದಾಹರಣೆಯನ್ನು ಮೀರಿಸುವ ಇನ್ನೊಂದು ನನಗೆ ಕಾಣುವುದಿಲ್ಲ. 2006ರಲ್ಲಿ ಏರ್ ಲಿಂಗಸ್ ಷೇರುಪೇಟೆಗೆ ಬಂದ ಕೂಡಲೇ ಅದರ ಎದುರಾಳಿ ರಯಾನ್‌ಏರ್ ಷೇರು ಕೊಳ್ಳತೊಡಗಿ, ಕಡೆಗೆ ಸುಮಾರು ಶೇ 29.8ರವರೆಗೆ ಹೋಯಿತು. ಪೂರ್ತಿ ಕೊಳ್ಳುವ ಪ್ರಯತ್ನಗಳು ಫಲಿಸಲಿಲ್ಲ. ಆದರೂ 2013ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಸ್ಪರ್ಧಾ ಆಯೋಗ ಆ ಪಾಲನ್ನು ಶೇ 5ಕ್ಕೆ ಇಳಿಸಬೇಕೆಂದು ಆದೇಶಿಸಿತು. ರಯಾನ್‌ಏರ್ ಏರ್ ಲಿಂಗಸ್ ಅನ್ನು ನಡೆಸುತ್ತಿದೆ ಎಂಬುದು ಆಯೋಗದ ತಕರಾರಾಗಿರಲಿಲ್ಲ. ಬೇರೆ ಕಂಪನಿಯೊಡನೆ ಸೇರುವುದು, ಹೊಸ ಷೇರು ಹೊರಡಿಸುವುದು, ಹೀಥ್ರೋ ಸ್ಲಾಟ್‌ಗಳನ್ನು ನಿರ್ವಹಿಸುವುದು, ಇವುಗಳಿಗೆ ಅದು ಅಡ್ಡ ನಿಲ್ಲಬಲ್ಲದು ಎಂಬುದೇ ತಕರಾರು. 2015ರಲ್ಲಿ ಬ್ರಿಟಿಷ್ ಏರ್‌ವೇಸ್‌ನ ಮಾತೃಸಂಸ್ಥೆ ಐಎಜಿ ಏರ್ ಲಿಂಗಸ್ ಅನ್ನು ಕೊಂಡಾಗ ರಯಾನ್‌ಏರ್ ತನ್ನ ಪಾಲನ್ನು ಅದಕ್ಕೇ ಮಾರಿತು.

ಆದ್ದರಿಂದ ಷೇರುದಾರರ ಒಪ್ಪಂದದಲ್ಲಿ ನಿರ್ದೇಶಕ ಮಂಡಳಿಯ ಸ್ಥಾನಗಳು ಎಷ್ಟು, ಹಿರಿಯ ಅಧಿಕಾರಿಗಳನ್ನು ಸೂಚಿಸುವವರು ಯಾರು, ಮಾರ್ಗಗಳನ್ನೂ ದರಗಳನ್ನೂ ನಿಗದಿ ಮಾಡುವ ವಿಭಾಗ ಯಾವ ಊರಿನಲ್ಲಿ ಕೂರುತ್ತದೆ ಎಂಬ ವಿವರಗಳನ್ನು ಹುಡುಕಿ. ಜೆಟ್ ವ್ಯವಹಾರ ಇಂತಹ ವಿವರಗಳಲ್ಲಿಯೇ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತು. ಆಕ್ಷೇಪಗಳ ನಂತರ ಎತಿಹಾದ್‌ನ ನಿರ್ದೇಶಕರ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ ಒಪ್ಪಂದವನ್ನು ತಿದ್ದಲಾಯಿತು. ಅಷ್ಟಾದರೂ 2013ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟ ಭಾರತದ ಸ್ಪರ್ಧಾ ಆಯೋಗ ಇದನ್ನು ಜಂಟಿ ನಿಯಂತ್ರಣ ಎಂದೇ ಪರಿಗಣಿಸಿತು, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಮಾತ್ರ ಕಡೆಗೆ ಓಪನ್ ಆಫರ್ ಬೇಕಿಲ್ಲ ಎಂದಿತು. ಒಂದೇ ಕಾಗದವನ್ನು ಓದಿದ ಎರಡು ಸಂಸ್ಥೆಗಳಿಗೆ ನಿಯಂತ್ರಣ ಎಂಬ ಪದ ಬೇರೆ ಬೇರೆಯಾಗಿ ಕಂಡಿತು. ಹಾಗಾಗಿ ನಿಯಂತ್ರಕರ ಅನುಮತಿ ಸಿಕ್ಕಿತು ಎಂಬ ಸಾಲನ್ನು ಓದಿದಾಗ ಯಾವ ನಿಯಂತ್ರಕರು, ಯಾವ ಪ್ರಶ್ನೆಗೆ ಅನುಮತಿ ಕೊಟ್ಟರು ಎಂದು ಬಿಡಿಸಿ ನೋಡುವುದು ಅಗತ್ಯ.

ಕೊಂಡ ಕಂಪನಿಯ ಷೇರು ಇರುವವರು ಇನ್ನೊಂದು ಮಾತನ್ನೂ ನೆನಪಿಡಬೇಕು. ಅಲ್ಪ ಪಾಲಿನವರಿಗೆ ನಷ್ಟ ಪೂರ್ತಿ ತಟ್ಟುತ್ತದೆ, ಅದನ್ನು ನಿಲ್ಲಿಸುವ ಅಧಿಕಾರ ಮಾತ್ರ ಪೂರ್ತಿ ಇರುವುದಿಲ್ಲ. ಎತಿಹಾದ್ ಪಾಲು ಕೊಂಡಿದ್ದ ಅಲಿಟಾಲಿಯಾ ಮತ್ತು ಏರ್ ಬರ್ಲಿನ್ ಎರಡೂ 2017ರಲ್ಲಿ ದಿವಾಳಿಯ ಪ್ರಕ್ರಿಯೆಗೆ ಹೋದವು; ಜೆಟ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಡೆಲ್ಟಾ 2019ರಲ್ಲಿ ದಕ್ಷಿಣ ಅಮೆರಿಕದ ಲಾಟಾಮ್‌ನ ಶೇ 20ರ ಪಾಲಿಗೆ ಷೇರೊಂದಕ್ಕೆ 16 ಡಾಲರ್‌ನಂತೆ 190 ಕೋಟಿ ಡಾಲರ್ ಗೊತ್ತುಪಡಿಸಿತು, 2020ರ ಮೇನಲ್ಲಿ ಲಾಟಾಮ್ ದಿವಾಳಿ ರಕ್ಷಣೆ ಕೋರಿತು. ಆದರೆ ಲಾಟಾಮ್ ತಾನಿದ್ದ ಒನ್‌ವರ್ಲ್ಡ್ ಎಂಬ ವಿಮಾನಯಾನ ಕಂಪನಿಗಳ ಕೂಟವನ್ನು ಬಿಟ್ಟು ಡೆಲ್ಟಾ ಕಡೆಗೆ ಬಂದದ್ದು ಬಂದಂತೆಯೇ ಉಳಿಯಿತು, ಅವರಿಬ್ಬರ ಜಂಟಿ ಉದ್ಯಮಕ್ಕೆ 2022ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು. ಷೇರಿನಲ್ಲಿ ಕಳೆದುಕೊಂಡದ್ದನ್ನೂ ಒಪ್ಪಂದದಲ್ಲಿ ಗಳಿಸಿದ್ದನ್ನೂ ಬೇರೆ ಬೇರೆಯಾಗಿ ಬರೆದುಕೊಂಡರೆ ಮಾತ್ರ ಇಂತಹ ವ್ಯವಹಾರದ ತೂಕ ಸರಿಯಾಗಿ ಸಿಗುತ್ತದೆ.

ಪ್ರಯಾಣಿಕರು ಮಾಡಬೇಕಾದದ್ದು ಕಡಿಮೆ. ಅಂಕಗಳ ಯೋಜನೆ ಬೇರೆ ಕಂಪನಿಯ ಕೈಗೆ ಹೋಗುತ್ತಿದೆಯೇ, ಕೂಡಿಸಿಟ್ಟ ಅಂಕಗಳ ನಿಯಮ ಯಾವ ದಿನದಿಂದ ಬದಲಾಗುತ್ತದೆ ಎಂದು ನೋಡಿಕೊಂಡರೆ ಸಾಕು.

ಷೇರುದಾರರು ಮಾತ್ರ ಪ್ರಕಟಣೆಯ ಪ್ರತಿಯನ್ನು ತೆಗೆದಿಟ್ಟುಕೊಂಡು, ಮುಂದಿನ ವರ್ಷದ ವಾರ್ಷಿಕ ವರದಿ ಬಂದಾಗ ಅದರಲ್ಲಿ ಸಂಬಂಧಿತ ಪಕ್ಷಗಳೊಂದಿಗಿನ ವ್ಯವಹಾರಗಳು ಎಂಬ ಭಾಗವನ್ನು ತೆರೆಯಬೇಕು. ಹೊಸ ಪಾಲುದಾರರಿಗೆ ಸ್ಲಾಟ್‌ಗಳ ಗುತ್ತಿಗೆ ಹಣ ಎಷ್ಟು ಹೋಯಿತು, ವಿಮಾನಗಳ ಬಾಡಿಗೆ ಎಷ್ಟು ಬಂತು, ಸಾಲದ ಜಾಮೀನು ಇನ್ನೂ ಇದೆಯೇ, ಅಂಕಗಳ ಯೋಜನೆಯ ಕಂಪನಿ ಟಿಕೆಟ್‌ಗಳನ್ನು ಯಾವ ದರಕ್ಕೆ ಕೊಂಡಿತು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದ ಜಾಗ ಅದು.