ಕಡಲಿನ ಪಂಚಾಂಗ ನೋಡಿ ಕಾರ್ಯಾಗಾರದ ದಿನ ಗೊತ್ತುಮಾಡುವುದು

ಮಂಗಳೂರಿನ ಒಂದು ಸರ್ಕಾರಿ ಸಂಶೋಧನಾ ಪ್ರಯೋಗಾಲಯದಲ್ಲಿ ಕಡಲ ಮೀನುಗಳ ಬೆಳವಣಿಗೆಯನ್ನು ಅಧ್ಯಯನ ಮಾಡುವುದು ನನ್ನ ಕೆಲಸ. ಅದರ ಜೊತೆಗೆ ಆರು ವರ್ಷಗಳಿಂದ ಅಲ್ಲಿನ ವಿಚಾರ ಸಂಕಿರಣ ಮತ್ತು ಕಾರ್ಯಾಗಾರಗಳನ್ನು ಸಂಯೋಜಿಸುವ ಹೊಣೆಯೂ ನನ್ನ ಮೇಲಿದೆ. ಮುಂದಿನ ಒಂಬತ್ತು ತಿಂಗಳ ಪಟ್ಟಿಯನ್ನು ಈ ವಾರ ಸೂಚನಾ ಫಲಕಕ್ಕೆ ಹಾಕಿದ್ದೇವೆ. ಜುಲೈಯಲ್ಲಿ ದೋಣಿ ಮಾಲೀಕರು ಮತ್ತು ದೋಣಿ ನಡೆಸುವ ತಾಂಡೇಲರೊಂದಿಗೆ ಒಂದು ದಿನದ ವಿಚಾರ ಸಂಕಿರಣ, ಅದೇ ತಿಂಗಳ ಕೊನೆಯಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಮೀನಿನ ಕಿವಿಗಲ್ಲು, ಅಂದರೆ ಒಳಕಿವಿಯ ಪುಟ್ಟ ಕಲ್ಲು, ನೋಡಿ ವಯಸ್ಸು ಹೇಳುವುದನ್ನು ಕಲಿಸುವ ಮೂರು ದಿನಗಳ ಕಾರ್ಯಾಗಾರ, ಅಕ್ಟೋಬರ್‌ನಲ್ಲಿ ಉಡುಪಿ ಜಿಲ್ಲೆಯ ಒಂದು ಅಳಿವೆಯ ದಂಡೆಯಲ್ಲಿ ಸ್ತ್ರೀಶಕ್ತಿ ಸಂಘಗಳಿಗಾಗಿ ಪಚ್ಚಿಲೆ (ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ) ಕೃಷಿಯ ತರಬೇತಿ, ಫೆಬ್ರವರಿ 28ರಂದು ಶಾಲಾ ಮಕ್ಕಳಿಗೆ ಪ್ರಯೋಗಾಲಯದ ಬಾಗಿಲು ತೆರೆಯುವ ದಿನ. ಈ ನಾಲ್ಕು ಕಾರ್ಯಕ್ರಮಗಳ ದಿನಾಂಕಗಳು ಹೇಗೆ ಗೊತ್ತಾದವು, ಅವಕ್ಕೆ ನಾವು ಹೇಗೆ ಸಿದ್ಧರಾಗುತ್ತಿದ್ದೇವೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಹೊಣೆಯನ್ನು ಹೊಸದಾಗಿ ಹೊರುವವರಿಗೆ ಇದರಿಂದ ಒಂದಿಷ್ಟು ಅನುಕೂಲವಾದೀತು ಎಂದು ನಂಬಿದ್ದೇನೆ.

ಸರ್ಕಾರಿ ಸಂಸ್ಥೆಗಳಲ್ಲಿ ಕಾರ್ಯಕ್ರಮಗಳ ದಿನಾಂಕವನ್ನು ಸಾಮಾನ್ಯವಾಗಿ ಅನುದಾನ ನಿರ್ಧರಿಸುತ್ತದೆ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ, ಮಂಜೂರಾದ ಹಣವನ್ನು ಅಷ್ಟರೊಳಗೆ ವಿನಿಯೋಗಿಸಿ ಬಳಕೆ ಪ್ರಮಾಣಪತ್ರ ಸಲ್ಲಿಸಬೇಕಾದ ಅನಿವಾರ್ಯತೆಯಲ್ಲಿ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಒಂದರ ಮೇಲೊಂದು ವಿಚಾರ ಸಂಕಿರಣಗಳು ನಡೆಯುತ್ತವೆ. ಮೊದಲ ಎರಡು ವರ್ಷ ನಾನೂ ಹಾಗೆಯೇ ಮಾಡಿದೆ. ಮಾರ್ಚ್ ಮೂರನೆಯ ವಾರದಲ್ಲಿ ಮೀನುಗಾರರಿಗೆಂದೇ ಏರ್ಪಡಿಸಿದ ಒಂದು ಸಭೆಗೆ ಎಂಬತ್ತು ಕುರ್ಚಿ ಹಾಕಿಸಿದ್ದೆವು. ಬಂದವರಲ್ಲಿ ಮೀನುಗಾರರು ಒಂಬತ್ತು ಮಂದಿ, ಉಳಿದವರೆಲ್ಲ ನಮ್ಮದೇ ಸಿಬ್ಬಂದಿ ಮತ್ತು ಕಾಲೇಜಿನಿಂದ ಕರೆತಂದ ವಿದ್ಯಾರ್ಥಿಗಳು. ಮರುದಿನ ಬೆಳಗ್ಗೆ ಮಾದರಿ ಮೀನು ತರಲು ಮೀನುಗಾರಿಕೆ ಬಂದರಿನ ಧಕ್ಕೆಗೆ ಹೋದಾಗ, ನಮಗೆ ಹಲವು ವರ್ಷಗಳಿಂದ ಮೀನು ಕೊಡುತ್ತಿರುವ ಹಿರಿಯ ತಾಂಡೇಲರೊಬ್ಬರು, "ಮೇಡಂ, ನೀವು ಕರೆದ ದಿನ ನಾವು ಕಡಲಿನಲ್ಲಿ ಇದ್ದೆವು. ಜೂನ್ ಒಂದರ ನಂತರ ಕರೆಯಿರಿ, ಎಲ್ಲರೂ ಬರುತ್ತೇವೆ" ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ಧಕ್ಕೆಯಿಂದ ಕೂಗಳತೆಯಲ್ಲಿರುವ ಕಚೇರಿಯಲ್ಲಿ ಕುಳಿತ ನನಗೆ ಅದು ಮೊದಲೇ ಹೊಳೆಯಬೇಕಿತ್ತು ಎಂದು ತುಂಬ ನಾಚಿಕೆಯಾಯಿತು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ ಅದು, ಕಡಲು ಪ್ರಕ್ಷುಬ್ಧವಾಗಿರುವ ಕಾಲವೂ ಹೌದು. ಆ ಎರಡು ತಿಂಗಳು ಮಂಗಳೂರು ಮತ್ತು ಮಲ್ಪೆಯ ಬಂದರುಗಳಲ್ಲಿ ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ದೋಣಿಗಳು ಸಾಲಾಗಿ ಲಂಗರು ಹಾಕಿರುತ್ತವೆ. ಬಲೆ ದುರಸ್ತಿ, ಎಂಜಿನ್ ಕೆಲಸ, ಬಣ್ಣ ಬಳಿಯುವುದು ನಡೆದಿರುತ್ತದೆ. ಮೊದಲ ವಾರಗಳಲ್ಲಿ ಹೊರರಾಜ್ಯದ ಕಾರ್ಮಿಕರು ಊರಿಗೆ ಹೋಗುವ ಗಡಿಬಿಡಿ, ಜುಲೈ ಕೊನೆಯ ವಾರದಲ್ಲಿ ಮಂಜುಗಡ್ಡೆ, ಡೀಸೆಲ್ ಎಂದು ಮತ್ತೆ ಕಡಲಿಗಿಳಿಯುವ ತಯಾರಿ. ಆದ್ದರಿಂದ ಜುಲೈ ಮೊದಲ ಹದಿನೈದು ದಿನಗಳಷ್ಟೇ ನಮಗೆ ನಿಜವಾಗಿ ಒದಗುವ ಅವಧಿ. ನಾಲ್ಕು ವರ್ಷಗಳಿಂದ ಈ ವಿಚಾರ ಸಂಕಿರಣ ಅದೇ ಅವಧಿಯಲ್ಲಿ ನಡೆಯುತ್ತಿದೆ, ಕಳೆದ ಬಾರಿ ಕುರ್ಚಿ ಸಾಲದೆ ಪಕ್ಕದ ಕೊಠಡಿಯಿಂದ ಬೆಂಚು ತರಿಸಬೇಕಾಯಿತು.

ಹಣದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಜುಲೈಯ ಕಾರ್ಯಕ್ರಮಕ್ಕೆ ಜನವರಿಯಲ್ಲೇ ಟಿಪ್ಪಣಿ ಮಂಡಿಸಿ, ಮುಂದಿನ ವರ್ಷದ ಅಂದಾಜಿನಲ್ಲಿ ಅದನ್ನು ಸೇರಿಸಿಕೊಳ್ಳಬೇಕು. ಸಾಮಗ್ರಿಗಳನ್ನು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಮೂಲಕ ಕೊಳ್ಳುವುದಾದರೆ ಎರಡು ತಿಂಗಳ ಅವಕಾಶ ಇಟ್ಟುಕೊಳ್ಳಬೇಕು. ಲೆಕ್ಕಪತ್ರ ವಿಭಾಗದವರಿಗೆ ದಿನಾಂಕದ ಕಾರಣವನ್ನು ಒಂದು ಪುಟದಲ್ಲಿ ವಿವರಿಸಿ ಬರೆದು ಕೊಟ್ಟ ಮೇಲೆ ನನಗೆ ಎಂದೂ ತೊಂದರೆಯಾಗಿಲ್ಲ.

ದಿನ ಸರಿಹೋದ ಮೇಲೆ ಎದುರಾದದ್ದು ಭಾಷೆಯ ಪ್ರಶ್ನೆ. ಜುಲೈಗೆ ಬದಲಾಯಿಸಿದ ಮೊದಲ ವರ್ಷ ಸಭಾಂಗಣವೇನೋ ತುಂಬಿತ್ತು. ಭಾಷಣಕಾರರು ಇಂಗ್ಲಿಷ್ ಸ್ಲೈಡುಗಳನ್ನು ತೋರಿಸುತ್ತ ಕನ್ನಡದಲ್ಲಿ ಮಾತನಾಡಿದರು. ಕಡಲಿನಲ್ಲಿರುವ ಮೀನಿನ ಸಂಖ್ಯಾಬಲಕ್ಕೆ ನಮ್ಮ ವಿಜ್ಞಾನದಲ್ಲಿ ಸ್ಟಾಕ್ ಎಂಬ ಪದವಿದೆ, ಅದನ್ನು ಅವರು 'ಮೀನಿನ ದಾಸ್ತಾನು' ಎಂದು ಕನ್ನಡಕ್ಕೆ ತಂದಿದ್ದರು. ಅರ್ಧ ಗಂಟೆಯ ಉಪನ್ಯಾಸ ಮುಗಿದು ಪ್ರಶ್ನೆಗಳ ಸಮಯ ಬಂದಾಗ ಮೊದಲ ಮೂರು ಪ್ರಶ್ನೆಗಳೂ ಶೀತಲಗೃಹದಲ್ಲಿ ಮೀನು ಇಡುವ ಬಾಡಿಗೆಯ ಬಗ್ಗೆ, ಐಸ್ ಪ್ಲಾಂಟಿನ ಬಗ್ಗೆ ಬಂದವು. ಕೇಳುಗರ ತಪ್ಪು ಅದರಲ್ಲಿ ಲವಲೇಶವೂ ಇಲ್ಲ. ದಾಸ್ತಾನು ಎಂದರೆ ಕೂಡಿಟ್ಟ ಸರಕು ಎಂದೇ ಎಲ್ಲರಿಗೂ ಗೊತ್ತಿರುವ ಅರ್ಥ. ಆ ನಂತರ ನಾವು 'ಕಡಲಿನಲ್ಲಿ ಉಳಿದಿರುವ ಮೀನು' ಎಂದೇ ಹೇಳುತ್ತಿದ್ದೇವೆ. ಪದಗಳು ಮೂರಾದರೂ ಅರ್ಥ ಒಂದೇ ಉಳಿಯುತ್ತದೆ.

ಈಗ ಪ್ರತಿ ಭಾಷಣಕಾರರಿಂದಲೂ ಹದಿನೈದು ದಿನ ಮುಂಚೆ ಅವರ ಮಾತಿನ ಸಾರವನ್ನು ಐದು ಕನ್ನಡ ವಾಕ್ಯಗಳಲ್ಲಿ ಬರೆಸಿ ತರಿಸಿಕೊಳ್ಳುತ್ತೇವೆ. ಕನ್ನಡ ಬಾರದವರಿದ್ದರೆ ನಮ್ಮಲ್ಲೊಬ್ಬರು ಅವರೊಂದಿಗೆ ದೂರವಾಣಿಯಲ್ಲಿ ಕುಳಿತು ಬರೆದುಕೊಳ್ಳುತ್ತಾರೆ. ಆ ಐದು ವಾಕ್ಯಗಳನ್ನು ಧಕ್ಕೆಯ ಇಬ್ಬರು ಪರಿಚಿತರಿಗೆ ಓದಿ ಹೇಳುತ್ತೇವೆ, ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿ ತಿದ್ದುತ್ತೇವೆ. ಸಭೆಯಲ್ಲಿ ಪ್ರಶ್ನೆಗಳು ತುಳುವಿನಲ್ಲೇ ಬರುತ್ತವೆ, ಬೆಂಗಳೂರಿನಿಂದಲೋ ಕೊಚ್ಚಿಯಿಂದಲೋ ಬಂದ ಅತಿಥಿಗಳಿಗೆ ಅವನ್ನು ತಿಳಿಸಲು ತುಳು ಬಲ್ಲ ಸಹೋದ್ಯೋಗಿಯೊಬ್ಬರು ವೇದಿಕೆಯ ಪಕ್ಕದಲ್ಲೇ ಇರುತ್ತಾರೆ. ಮೀನುಗಳ ಹೆಸರನ್ನೂ ಮೊದಲು ಇಲ್ಲಿನವರು ಕರೆಯುವಂತೆ ಬೂತಾಯಿ, ಬಂಗುಡೆ, ಅಂಜಲ್ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಬೂತಾಯಿಗೆ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎಂಬಂಥ ವೈಜ್ಞಾನಿಕ ಹೆಸರುಗಳನ್ನು ಅದರ ಕೆಳಗೆ ಹಾಕುತ್ತೇವೆ.

ಈ ಸಭೆಯಲ್ಲಿ ಅತಿ ಹೆಚ್ಚು ಚರ್ಚೆಯಾಗುವುದು ಬೂತಾಯಿಯ ಏರಿಳಿತ. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿಗೆ ಸಮೀಪ ಸಿಕ್ಕಿದ್ದ ಬೂತಾಯಿ 2021ರಲ್ಲಿ 4,000 ಟನ್ನಿಗಿಂತ ಕಡಿಮೆಗೆ ಇಳಿದದ್ದನ್ನು ಒಂದೇ ಚಿತ್ರದಲ್ಲಿ ತೋರಿಸಿದಾಗ ಸಭಾಂಗಣ ಒಮ್ಮೆಲೇ ನಿಶ್ಶಬ್ದವಾಗುತ್ತದೆ. ಆ ವರ್ಷಗಳ ನೆನಪು ಇಲ್ಲಿನವರಿಗೂ ಇದೆ. ಮರಿಮೀನು ಹಿಡಿಯುವುದರ ವಿಷಯವನ್ನು ಆ ಹೊತ್ತಿನಲ್ಲೇ ಎತ್ತಬೇಕು. ಕೇರಳ ಸರ್ಕಾರ ಹಿಡಿಯಬಹುದಾದ ಕನಿಷ್ಠ ಉದ್ದವನ್ನು ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂದು ನಿಗದಿ ಮಾಡಿದೆ. ಅಂಕಿಯನ್ನು ಬಾಯಲ್ಲಿ ಹೇಳುವುದರ ಬದಲು, ಆ ಎರಡು ಅಳತೆಗಳನ್ನು ಗುರುತು ಮಾಡಿದ ರಟ್ಟಿನ ಪಟ್ಟಿಯೊಂದನ್ನು ಪ್ರತಿಯೊಬ್ಬರ ಕೈಗೂ ಕೊಡುತ್ತೇವೆ. ಒಂದು ದೋಣಿಯ ಚಾಲಕರ ಕೋಣೆಯಲ್ಲಿ ಆ ಪಟ್ಟಿ ಮೊಳೆ ಹೊಡೆದು ನೇತಾಡುತ್ತಿದ್ದುದನ್ನು ನೋಡಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕಿವಿಗಲ್ಲಿನ ಕಾರ್ಯಾಗಾರದ ಸಿದ್ಧತೆ ಬೇರೆಯೇ ತೆರನಾದದ್ದು, ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಎಲುಬಿರುವ ಮೀನುಗಳ ತಲೆಯೊಳಗೆ, ಒಳಕಿವಿಯಲ್ಲಿ, ಮೂರು ಜೊತೆ ಪುಟ್ಟ ಕಲ್ಲುಗಳಿರುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಪದರವಾಗಿ ಕೂಡಿಕೊಂಡು ಬೆಳೆಯುವ ಈ ಕಲ್ಲುಗಳು ಮರದ ಕಾಂಡದಂತೆ ಉಂಗುರಗಳನ್ನು ಉಳಿಸಿಕೊಳ್ಳುತ್ತವೆ. ಚಳಿ ಮತ್ತು ಬೇಸಿಗೆಯ ವ್ಯತ್ಯಾಸ ಹೆಚ್ಚಿರುವ ತಂಪು ಕಡಲುಗಳಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಕಾಣುತ್ತದೆ, ನಮ್ಮ ಅರಬ್ಬೀ ಸಮುದ್ರದಂಥ ಬೆಚ್ಚನೆಯ ನೀರಿನಲ್ಲಿ ಅಷ್ಟು ಸ್ಪಷ್ಟತೆ ಸಿಗುವುದಿಲ್ಲ. ಆದರೆ ದಿನಕ್ಕೊಂದರಂತೆ ಸೂಕ್ಷ್ಮ ಉಂಗುರಗಳೂ ಮೂಡುತ್ತವೆ ಎಂಬುದನ್ನು 1971ರಲ್ಲಿ ಜಾರ್ಜಿಯೊ ಪನ್ನೆಲ್ಲಾ ತೋರಿಸಿಕೊಟ್ಟರು. ಅಂದಿನಿಂದ ಬೂತಾಯಿ, ಬಂಗುಡೆಯಂಥ ಅಲ್ಪಾಯುಷಿ ಮೀನುಗಳ ವಯಸ್ಸನ್ನು ದಿನಗಳ ಲೆಕ್ಕದಲ್ಲಿ ಹೇಳುವ ದಾರಿ ತೆರೆಯಿತು.

ಇದು ಪುಸ್ತಕ ಓದಿ ಕಲಿಯುವ ವಿದ್ಯೆಯಲ್ಲ. ಮೀನಿನ ತಲೆಯ ಮೇಲ್ಭಾಗವನ್ನು ಹರಿತವಾದ ಅಲಗಿನಿಂದ ತೆಳ್ಳಗೆ ಸೀಳಿ, ಮಿದುಳನ್ನು ಸರಿಸಿ, ಅದರ ಹಿಂಬದಿಯ ಎರಡು ಮಗ್ಗುಲಲ್ಲಿರುವ ಕಲ್ಲುಗಳನ್ನು ಸೂಕ್ಷ್ಮ ಚಿಮಟದಿಂದ ಮುರಿಯದಂತೆ ಎತ್ತಬೇಕು. ಬಂಗುಡೆಯಲ್ಲೂ ಅವು ಕೆಲವೇ ಮಿಲಿಮೀಟರ್ ಉದ್ದವಿರುತ್ತವೆ. ತೊಳೆದು ಒಣಗಿಸಿ, ಬಿಸಿಗೆ ಕರಗುವ ಅಂಟಿನಿಂದ ಗಾಜಿನ ಪಟ್ಟಿಗೆ ಅಂಟಿಸಿ, ಒದ್ದೆ ಮಾಡಿದ ನುಣುಪು ಮರಳುಕಾಗದದ ಮೇಲೆ ಉಜ್ಜುತ್ತ, ನಾಲ್ಕೈದು ಉಜ್ಜಿಗೊಮ್ಮೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಿರಬೇಕು. ನಡುವಿನ ಬಿಂದು, ಅಂದರೆ ಮೀನು ಹುಟ್ಟಿದ ದಿನಗಳ ಗುರುತು, ಕಾಣುವಷ್ಟು ಉಜ್ಜಬೇಕು. ಅದಕ್ಕಿಂತ ಹತ್ತು ಉಜ್ಜು ಹೆಚ್ಚಾದರೆ ಆ ಬಿಂದುವೇ ಅಳಿಸಿಹೋಗುತ್ತದೆ, ಮತ್ತೆ ಸರಿಪಡಿಸುವ ಉಪಾಯವಿಲ್ಲ. ಒಬ್ಬ ವಿದ್ಯಾರ್ಥಿಗೆ ಕೈ ಹದಕ್ಕೆ ಬರಲು ಕನಿಷ್ಠ ಹದಿನೈದು ಕಲ್ಲುಗಳಾದರೂ ಬೇಕೆಂಬುದು ನನ್ನ ಅನುಭವ. ಹಾಗಾಗಿ ನಾವು ಹನ್ನೆರಡು ಮಂದಿಗಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವುದಿಲ್ಲ. ಅರ್ಜಿಗಳು ಅದರ ಮೂರರಷ್ಟು ಬರುತ್ತವೆ, ನಿರಾಕರಣೆಯ ಪತ್ರ ಬರೆಯುವಾಗ ಪ್ರತಿ ಬಾರಿಯೂ ನೋವಾಗುತ್ತದೆ. ಆದರೂ ಇಪ್ಪತ್ತೈದು ಜನರಿಗೆ ದೂರದಿಂದ ತೋರಿಸಿ ಪ್ರಮಾಣಪತ್ರ ಕೊಟ್ಟು ಕಳುಹಿಸುವುದು ಅವರಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ.

ಮೂರು ವರ್ಷಗಳ ಹಿಂದೆ ಇದೇ ಕಾರ್ಯಾಗಾರದಲ್ಲಿ ನನ್ನಿಂದ ದೊಡ್ಡ ತಪ್ಪಾಯಿತು. ಜುಲೈಯಲ್ಲಿ ಟ್ರಾಲ್ ದೋಣಿಗಳು ನಿಂತಿರುವುದರಿಂದ ಅಭ್ಯಾಸಕ್ಕೆ ಬೇಕಾದಷ್ಟು ಮೀನು ಒಂದೇ ಬಾರಿಗೆ ಸಿಗುವುದಿಲ್ಲ, ಮೇ ತಿಂಗಳಲ್ಲೇ ಸಂಗ್ರಹಿಸಿಡಬೇಕು. ಶೀತಲಪೆಟ್ಟಿಗೆಯಲ್ಲಿ ಜಾಗ ಸಾಲದೆ, ಉಳಿದ ಮೀನುಗಳನ್ನು ಪ್ರಯೋಗಾಲಯದ ವಾಡಿಕೆಯಂತೆ, ಮಾದರಿಗಳು ಕೆಡದಂತೆ ಕಾಪಾಡುವ ದ್ರಾವಣವಾದ ಫಾರ್ಮಲಿನ್‌ನಲ್ಲಿ ಹಾಕಿಡಲು ನಾನೇ ಹೇಳಿದೆ. ಫಾರ್ಮಲಿನ್ ದಿನ ಕಳೆದಂತೆ ಆಮ್ಲೀಯವಾಗುತ್ತದೆ, ಆಮ್ಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುತ್ತದೆ. ಇದನ್ನು ತರಗತಿಯಲ್ಲಿ ಹಲವು ಬಾರಿ ಹೇಳಿದ್ದ ನಾನೇ ಆ ಹೊತ್ತಿಗೆ ಮರೆತಿದ್ದೆ. ಎರಡನೆಯ ದಿನ ಆ ಜಾಡಿಗಳ ಮೀನುಗಳನ್ನು ಸೀಳಿದಾಗ ಸಿಕ್ಕವು ಸೀಮೆಸುಣ್ಣದಂತೆ ಬೆಳ್ಳಗಾಗಿ, ಮುಟ್ಟಿದರೆ ಪುಡಿಯಾಗುವ ಚೂರುಗಳು. ಧಾರವಾಡ, ಕಾರವಾರಗಳಿಂದ ಬಂದಿದ್ದ ವಿದ್ಯಾರ್ಥಿಗಳ ಮುಂದೆ ತಪ್ಪನ್ನು ಒಪ್ಪಿಕೊಂಡು, ಆ ಮಧ್ಯಾಹ್ನವನ್ನು ಹಳೆಯ ಗಾಜಿನ ಪಟ್ಟಿಗಳ ಉಂಗುರ ಎಣಿಸುವುದಕ್ಕೆ ತಿರುಗಿಸಿದೆವು. ಅಂದಿನಿಂದ ಮೀನು ತಂದ ದಿನವೇ ಉದ್ದ, ತೂಕ ಬರೆದುಕೊಂಡು, ಅಭ್ಯಾಸಕ್ಕೆ ಬೇಕಾದಷ್ಟು ಕಲ್ಲುಗಳನ್ನು ತೆಗೆದು ಒಣಗಿಸಿ ಸಂಖ್ಯೆ ಬರೆದ ಸಣ್ಣ ಕೊಳವೆಗಳಲ್ಲಿಡುತ್ತೇವೆ. ತಲೆ ಸೀಳುವ ಅಭ್ಯಾಸಕ್ಕೆ ಬೇಕಾದ ಮೀನುಗಳು ಶೀತಲಪೆಟ್ಟಿಗೆಯಲ್ಲಿ ಇರುತ್ತವೆ.

ಎಣಿಕೆಯಲ್ಲಿ ಒಂದು ಶಿಸ್ತನ್ನು ಬಿಡುವುದಿಲ್ಲ. ಒಂದೇ ಕಲ್ಲನ್ನು ಇಬ್ಬರು ಪ್ರತ್ಯೇಕವಾಗಿ ಎಣಿಸುತ್ತಾರೆ, ಮೀನಿನ ಉದ್ದವನ್ನು ಇಬ್ಬರಿಗೂ ತಿಳಿಸುವುದಿಲ್ಲ. ಉದ್ದ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ ಸಂಖ್ಯೆಯನ್ನು ಹುಡುಕಿಕೊಳ್ಳುತ್ತದೆ. ಇಬ್ಬರ ಎಣಿಕೆಯಲ್ಲಿ ಹೆಚ್ಚು ಅಂತರ ಬಂದರೆ ಮೂರನೆಯವರು ಎಣಿಸಬೇಕು, ಆಗಲೂ ಹೊಂದದಿದ್ದರೆ ಆ ಕಲ್ಲನ್ನು ಲೆಕ್ಕದಿಂದ ಕೈಬಿಡಬೇಕು. ಕಷ್ಟಪಟ್ಟು ಉಜ್ಜಿ ಸಿದ್ಧಪಡಿಸಿದ ಕಲ್ಲನ್ನು ಕೈಬಿಡಲು ವಿದ್ಯಾರ್ಥಿಗಳ ಮನಸ್ಸು ಒಪ್ಪುವುದಿಲ್ಲ, ಕಲಿಸುವುದರಲ್ಲಿ ಅತ್ಯಂತ ಕಠಿಣವಾದ ಭಾಗ ಇದೇ ಎನ್ನಬೇಕು.

ಜುಲೈಯ ಮಳೆಗೂ ಸಿದ್ಧರಿರಬೇಕು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನ ಬಸ್ಸುಗಳು ಸುತ್ತುಬಳಸಿ ಬರಬೇಕಾಗುವುದರಿಂದ, ಅತಿಥಿಗಳನ್ನು ಒಂದು ದಿನ ಮುಂಚಿತವಾಗಿಯೇ ಬರುವಂತೆ ಕೋರುತ್ತೇವೆ. ಕರಾವಳಿಯ ತೇವಕ್ಕೆ ಸೂಕ್ಷ್ಮದರ್ಶಕದ ಮಸೂರಗಳಲ್ಲಿ ಬೂಷ್ಟು ಕಟ್ಟುತ್ತದೆ. ಜೂನ್ ಆರಂಭದಿಂದಲೇ ಅವುಗಳನ್ನು ಬಲ್ಬು ಉರಿಯುವ ಮುಚ್ಚಿದ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುತ್ತೇವೆ.

ಅಕ್ಟೋಬರ್‌ನ ಪಚ್ಚಿಲೆ ತರಬೇತಿಯ ದಿನವನ್ನು ಅಳಿವೆಯ ಉಪ್ಪು ನಿರ್ಧರಿಸುತ್ತದೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ತುಂಬಿ ಅಳಿವೆ ಸಪ್ಪೆಯಾಗಿರುತ್ತದೆ. ಮಳೆ ಹಿಂದೆಗೆದು ಉಪ್ಪು ಮರಳಿದ ಮೇಲೆ, ನವೆಂಬರ್, ಡಿಸೆಂಬರ್ ಹೊತ್ತಿಗೆ ಬಂಡೆಗಳಿಂದ ತಂದ ಮರಿ ಪಚ್ಚಿಲೆಗಳನ್ನು ಹಗ್ಗದ ಸುತ್ತ ಹರಡಿ, ಹತ್ತಿಯ ತೆಳು ಬಲೆಬಟ್ಟೆಯಿಂದ ಸುತ್ತಿ ಹೊಲಿದು ನೀರಿಗೆ ಇಳಿಬಿಡುತ್ತಾರೆ. ಕೆಲವೇ ದಿನಗಳಲ್ಲಿ ಬಟ್ಟೆ ಕೊಳೆತುಹೋಗುತ್ತದೆ, ಅಷ್ಟರೊಳಗೆ ಮರಿಗಳು ತಮ್ಮ ನಾರಿನಿಂದ ಹಗ್ಗಕ್ಕೆ ಅಂಟಿಕೊಂಡಿರುತ್ತವೆ. ಮತ್ತೆ ಮಳೆ ಹಿಡಿಯುವ ಮೊದಲು, ಏಪ್ರಿಲ್, ಮೇ ತಿಂಗಳಲ್ಲಿ ಕೊಯ್ಲು. ಆದ್ದರಿಂದ ಅಕ್ಟೋಬರ್ ದಾಟಿದರೆ ತರಬೇತಿ ಆ ವರ್ಷಕ್ಕೆ ಕೆಲಸಕ್ಕೆ ಬಾರದು. ಮನೆಗೆಲಸ ಮುಗಿಸಿ ಬರುವ ಹೆಂಗಸರ ಅನುಕೂಲಕ್ಕಾಗಿ ಬೆಳಗ್ಗೆ ಹತ್ತೂವರೆಗೆ ಆರಂಭಿಸಿ ಮಧ್ಯಾಹ್ನ ಎರಡೂವರೆಗೆ ಮುಗಿಸುತ್ತೇವೆ. ಇಳಿತದ ಹೊತ್ತು ಆ ಅವಧಿಯೊಳಗೆ ಬೀಳುವ ದಿನವನ್ನು ಉಬ್ಬರವಿಳಿತದ ಕೋಷ್ಟಕ ನೋಡಿ ಆರಿಸಿಕೊಳ್ಳುತ್ತೇವೆ.

ಫೆಬ್ರವರಿ 28, ಸಿ. ವಿ. ರಾಮನ್ ಅವರು 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದ ದಿನ. ದೇಶದ ಅನೇಕ ಪ್ರಯೋಗಾಲಯಗಳಂತೆ ನಮ್ಮಲ್ಲೂ ಅಂದು ಮಕ್ಕಳು ಬರುತ್ತಾರೆ. ಆ ದಿನಕ್ಕೆ ಹೊಸದಾಗಿ ಏನನ್ನೂ ಸಿದ್ಧಪಡಿಸುವುದಿಲ್ಲ, ಜುಲೈಯಲ್ಲಿ ವಿದ್ಯಾರ್ಥಿಗಳು ಉಜ್ಜಿದ ಕಲ್ಲುಗಳನ್ನೇ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇವೆ. ನಿನ್ನೆ ರಾತ್ರಿ ಊಟದಲ್ಲಿದ್ದಂಥ ಬಂಗುಡೆಗೆ ಎಷ್ಟು ದಿನ ವಯಸ್ಸಾಗಿರುತ್ತದೆ ಎಂದು ಎಣಿಸಲು ಮಕ್ಕಳು ಸಾಲುಗಟ್ಟುತ್ತಾರೆ.

ಸದ್ಯ ಮೇ ತಿಂಗಳ ಕೊನೆಯ ವಾರ ನಡೆಯುತ್ತಿದೆ. ಇಂದು ಬೆಳಗಿನ ಜಾವ ಐದಕ್ಕೆ ಧಕ್ಕೆಗೆ ಹೋಗಿ ಬೇರೆ ಬೇರೆ ಗಾತ್ರದ ಬಂಗುಡೆ ಆರಿಸಿ ತಂದೆವು. ಸಂಜೆಯೊಳಗೆ ತೊಂಬತ್ತಾರು ಜೊತೆ ಕಲ್ಲುಗಳು ಕೊಳವೆಗಳಿಗೆ ಸೇರಿವೆ. ಇನ್ನೂ ಅಷ್ಟೇ ಬೇಕು, ನಿಷೇಧ ಆರಂಭವಾಗಲು ನಾಲ್ಕು ದಿನ ಉಳಿದಿದೆ.