ಒಂದೇ ಅಚ್ಚಿನ ಹಸುಗಳು

ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ನಾನು ಕಟ್ಟಿದ್ದ ದೊಡ್ಡಿಯಲ್ಲಿ ಮೂವತ್ತು ಹಸುಗಳಿದ್ದವು. ಮೂವತ್ತೂ ಒಂದೇ ಎತ್ತರ, ಒಂದೇ ಅಗಲ, ಎರಕ ಹೊಯ್ದಂತೆ. ಯಾವುದನ್ನು ಬಯಲಿನಿಂದ ಕರೆತಂದೆ, ಯಾವುದು ದೊಡ್ಡಿಯಲ್ಲೇ ಹುಟ್ಟಿತು ಎಂದು ಗುರುತಿಸಲು ದಾರಿಯೇ ಇರಲಿಲ್ಲ. ಪ್ರತಿ ಪ್ರಾಣಿಗೂ ಅದರದೇ ಗಾತ್ರ ಕೊಡುವ ಮಾಡ್, ಅಂದರೆ ಆಟವನ್ನು ಬದಲಿಸುವ ಪುಟ್ಟ ಪ್ರೋಗ್ರಾಂ, ಬರೆಯಲು ಕುಳಿತದ್ದು ಆಗ.

ಮೊದಲ ಯತ್ನದಲ್ಲಿ ಚಿತ್ರಿಸುವ ಭಾಗವನ್ನಷ್ಟೇ ಬದಲಿಸಿದೆ. ಹಸು ದೊಡ್ಡದಾಗಿ ಕಂಡಿತು. ಆದರೆ ಬಿಟ್ಟ ಬಾಣ ಅದರ ಬೆನ್ನಿನ ಮೇಲ್ಭಾಗವನ್ನು ಗಾಳಿಯಂತೆ ಹಾದುಹೋಯಿತು. ಕಣ್ಣಿಗೆ ಕಾಣುವ ಮೈ ಬೇರೆ, ಏನಾದರೂ ತಾಗಿತೇ ಎಂದು ನೋಡಲು ಆಟ ಲೆಕ್ಕಕ್ಕೆ ಹಿಡಿಯುವ, ಕಣ್ಣಿಗೆ ಕಾಣದ ಪೆಟ್ಟಿಗೆ ಬೇರೆ. 2024ರ ಏಪ್ರಿಲ್‌ನಲ್ಲಿ ಬಂದ ಆಟದ 1.20.5ನೆಯ ಆವೃತ್ತಿ ಈ ತೊಡಕನ್ನು ಬಿಡಿಸಿತು. ಅದರಲ್ಲಿ 'ಸ್ಕೇಲ್' ಎಂಬ ಗುಣವೇ ಸೇರಿತ್ತು, 0.0625ರಿಂದ 16ರವರೆಗೆ ಯಾವ ಸಂಖ್ಯೆ ಕೊಟ್ಟರೂ ಚಿತ್ರವೂ ಪೆಟ್ಟಿಗೆಯೂ ಜೊತೆಯಾಗಿ ಹಿಗ್ಗಿ ಕುಗ್ಗುತ್ತವೆ.

ಇಷ್ಟು ಸಿಕ್ಕರೂ ಎಡವಿದೆ. ಪ್ರಾಣಿ ಲೋಡ್ ಆದಾಗಲೆಲ್ಲ, ಅಂದರೆ ಆಟ ಅದನ್ನು ಮತ್ತೆ ನೆನಪಿಗೆ ತಂದುಕೊಂಡಾಗಲೆಲ್ಲ, ಅದರ ಗಾತ್ರವನ್ನು ಒಂದು ಸಂಖ್ಯೆಯಿಂದ ಗುಣಿಸುತ್ತಿದ್ದೆ. ಹೊಸ ಗಾತ್ರ ಪ್ರಾಣಿಯೊಂದಿಗೇ ಉಳಿದಿರುತ್ತದೆ ಎಂಬುದನ್ನು ಮರೆತಿದ್ದೆ. 1.1 ಪಡೆದ ಹಸು ಹತ್ತು ಸಲ ಲೋಡ್ ಆಗುವಷ್ಟರಲ್ಲಿ 2.6ಕ್ಕೆ ಬೆಳೆದು, ಆಟಗಾರನ ಎರಡರಷ್ಟು ಎತ್ತರವಾಗಿ ಬೇಲಿಯ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಗುಣಿಸುವುದನ್ನು ಬಿಟ್ಟೆ. ಆಟ ಪ್ರತಿ ಪ್ರಾಣಿಗೂ ಕೊಡುವ 128 ಬಿಟ್‌ಗಳ ಗುರುತು ಸಂಖ್ಯೆಯನ್ನೇ ಬೀಜವಾಗಿ, ಅಂದರೆ ಲೆಕ್ಕ ಶುರುವಾಗುವ ಸಂಖ್ಯೆಯಾಗಿ ಇಟ್ಟು ಗಾತ್ರವನ್ನು ಲೆಕ್ಕ ಹಾಕಿದೆ. ಎಷ್ಟು ಸಲ ಲೆಕ್ಕ ಹಾಕಿದರೂ ಅದೇ ಹಸುವಿಗೆ ಅದೇ ಗಾತ್ರ.

ವ್ಯತ್ಯಾಸ ಎಷ್ಟಿರಬೇಕು? ಅರ್ಧದಿಂದ ಎರಡರವರೆಗೆ ಸಮನಾಗಿ ಹರಡಿದಾಗ ದೊಡ್ಡಿ ಜಾತ್ರೆಯಂತೆ ಕಂಡಿತು. ಸರಾಸರಿ 1, ಪ್ರಮಾಣಿತ ವಿಚಲನೆ (ಸರಾಸರಿಯಿಂದ ಗಾತ್ರಗಳು ಎಷ್ಟು ಚದುರಿವೆ ಎಂಬ ಅಳತೆ) 0.08 ಇಟ್ಟಾಗ ಹೆಚ್ಚಿನವು ಸಾಧಾರಣ ಗಾತ್ರದಲ್ಲಿ ನಿಂತು, ಅಲ್ಲೊಂದು ಇಲ್ಲೊಂದು ಕಣ್ಣು ಸೆಳೆಯುವಂತಾಯಿತು. ನನ್ನ ಮಟ್ಟಿಗೆ ಇದೇ ಸರಿ. ದೊಡ್ಡದು ಅಪರೂಪವಾಗಿದ್ದರೆ ಮಾತ್ರ ಅದು ದೊಡ್ಡದು ಎನ್ನಿಸುತ್ತದೆ.

ರಾತ್ರಿ ಮೇಲೆರಗುವ ಝೋಂಬಿಗಳಿಗೆ ಬೇರೆ ನಿಯಮ ಬೇಕಾಯಿತು. ಅವುಗಳ ಎತ್ತರ 1.95 ಬ್ಲಾಕ್, ಬಾಗಿಲು 2. ಗಾತ್ರ 1.03 ಆದರೆ ಸಾಕು, ತಲೆ ಬಾಗಿಲಿಗೆ ತಾಗುತ್ತದೆ. ಮೂರರಲ್ಲೊಂದಕ್ಕಿಂತ ಹೆಚ್ಚು ಝೋಂಬಿಗಳು ತೆರೆದ ಬಾಗಿಲ ಮುಂದೆಯೇ ತಡೆದು ನಿಲ್ಲುತ್ತಿದ್ದವು. ರಾತ್ರಿಯ ಭಯವೇ ಹೊರಟುಹೋದಂತಾಗಿ, ಅವುಗಳಿಗೆ 1.02ರ ಮಿತಿ ಹಾಕಿದೆ.

ನನ್ನನ್ನು ಹೆಚ್ಚು ದಿನ ಹಿಡಿದಿಟ್ಟದ್ದು ಕರುಗಳು. ತಂದೆತಾಯಿಯ ಗಾತ್ರಗಳ ಸರಾಸರಿಯನ್ನೇ ಕರುವಿಗೆ ಕೊಟ್ಟೆ. ಅದೇ ನ್ಯಾಯ ಎನ್ನಿಸಿತ್ತು. ಮೂರು ತಲೆಮಾರು ಕಳೆಯುವಷ್ಟರಲ್ಲಿ ದೊಡ್ಡಿ ಮತ್ತೆ ಒಂದೇ ಅಚ್ಚಿಗೆ ಮರಳಿತು. ಕಾಗದದ ಮೇಲೆ ಬರೆದು ನೋಡಿದಾಗ ಕಾರಣ ತಿಳಿಯಿತು: ಸರಾಸರಿ ತೆಗೆದಾಗಲೆಲ್ಲ ಪ್ರಸರಣ (ವಿಚಲನೆಯ ವರ್ಗ) ಅರ್ಧಕ್ಕಿಳಿಯುತ್ತದೆ. 0.08 ಇದ್ದ ವಿಚಲನೆ 0.057, 0.04, 0.028 ಎಂದು ಕರಗುತ್ತಾ ಹೋಗುತ್ತದೆ. ತಂದೆತಾಯಿಯ ಗುಣಗಳು ಬಣ್ಣಗಳಂತೆ ಬೆರೆತು ಮರಿಗೆ ಬರುತ್ತವೆ ಎನ್ನುವ 'ಬೆರೆಯುವ ಆನುವಂಶಿಕತೆ'ಯ ಇದೇ ದೌರ್ಬಲ್ಯವನ್ನು ಎತ್ತಿಕೊಂಡು ಫ್ಲೀಮಿಂಗ್ ಜೆಂಕಿನ್ ಎಂಬ ಇಂಜಿನಿಯರ್ 1867ರಲ್ಲಿ ಡಾರ್ವಿನ್‌ಗೆ ಆಕ್ಷೇಪ ಒಡ್ಡಿದ್ದನ್ನು ಆಮೇಲೆ ಓದಿದೆ. ನನ್ನ ದೊಡ್ಡಿಯಲ್ಲಿ ಅದು ಕಣ್ಣೆದುರೇ ನಡೆದಿತ್ತು! ಪರಿಹಾರವೂ ಅದೇ ಲೆಕ್ಕದಲ್ಲಿತ್ತು. ಕಳೆದುಹೋದ ಅರ್ಧವನ್ನು ಪ್ರತಿ ಹುಟ್ಟಿನಲ್ಲೂ ಮರಳಿ ತುಂಬಬೇಕು. ಸರಾಸರಿಯ ಮೇಲೆ 0.057 ವಿಚಲನೆಯ ಏರುಪೇರು ಸೇರಿಸಿದೆ. ಗುರುತು ಸಂಖ್ಯೆಯ ಲೆಕ್ಕ ಈ ಗಾತ್ರವನ್ನು ಅಳಿಸದಂತೆ ಕರುವಿಗೊಂದು ಗುರುತು ಅಂಟಿಸಿ, ಲೋಡ್ ಆಗುವಾಗಿನ ಲೆಕ್ಕದಿಂದ ಹೊರಗಿಟ್ಟೆ. ಆಮೇಲೆ ಎಷ್ಟು ತಲೆಮಾರು ಕಳೆದರೂ ಮಂದೆ ಒಂದೇ ಅಚ್ಚಿಗೆ ಬೀಳಲಿಲ್ಲ. ದೊಡ್ಡವನ್ನೇ ಆರಿಸಿ ಕೂಡಿಸಿದರೆ ತಳಿಯೂ ನಿಧಾನವಾಗಿ ದೊಡ್ಡದಾಗುತ್ತದೆ.

ಆಯುಷ್ಯದ ಅಂಕಗಳನ್ನು (ಪ್ರಾಣಿ ಎಷ್ಟು ಪೆಟ್ಟು ತಾಳುತ್ತದೆ ಎಂಬ ಲೆಕ್ಕ) ಗಾತ್ರದ ಘನಕ್ಕೆ ಹೊಂದಿಸಿದಾಗ 1.2ರ ಹಸುವಿಗೆ 17, 0.8ರದಕ್ಕೆ ಕೇವಲ 5 ಬಂತು. ಹತ್ತು ಅಂಕಗಳ ಪ್ರಾಣಿಗೆ ಇದು ಅತಿಯಾಯಿತು, ವರ್ಗಕ್ಕೆ ಇಳಿಸಿದೆ.

ಕೊನೆಯಲ್ಲಿ ಸೇರಿಸಿದ್ದು ಧ್ವನಿ. ಮರಿಗಳ ಸ್ವರವನ್ನು ಆಟವೇ ಏರಿಸಿರುತ್ತದೆ. ನಾನು ಎಲ್ಲ ಪ್ರಾಣಿಗಳ ಸ್ವರವನ್ನೂ ಗಾತ್ರದಿಂದ ಭಾಗಿಸಿದೆ. ಈಗ ಗಣಿಯಿಂದ ಮೇಲೆ ಹತ್ತಿ ಬರುವಾಗ ಕತ್ತಲಲ್ಲಿ ಅಂಬಾ ಎಂಬ ತಗ್ಗಿದ ದನಿ ಕೇಳಿದರೆ, ಬೇಲಿಯ ಬಳಿ ನಿಂತಿರುವುದು ಯಾವ ಹಸು ಎಂದು ಕಾಣುವ ಮೊದಲೇ ಗೊತ್ತಾಗುತ್ತದೆ.