ಹೈವೇ ಮ್ಯಾಲ ಗಾಡಿ ತಡದ್ರ ಏನ್ ಮಾಡ್ಬೇಕು, ಯಾರಿಗೆ ಎಷ್ಟು ಪವರ್ ಅದ

ಕಲಬುರಗಿ ಹುಮನಾಬಾದ್ ನಡುವಿನ ಎನ್‌ಎಚ್ 50 ಮ್ಯಾಲ ದಿನಾ ಓಡಾಡೋರಿಗೆ ಈ ಸೀನ್ ಹೊಸದಲ್ಲ. ತಿರುವು ದಾಟಿದ ಕೂಡ್ಲೇ ಬ್ಯಾರಿಕೇಡ್, ಅದರ ಹಿಂದ ಜೀಪು, ಖಾಕಿ ಹಾಕ್ಕೊಂಡಾಂವ ಒಬ್ಬ ಕೈ ಅಡ್ಡ ಹಾಕ್ತಾನ. ಆವಾಗ ನಮ್ ಮಂದಿ ಮಾಡೋದು ನೋಡಬೇಕ್ರಿ, ಬೈಕಿನಾಂವ ಅಲ್ಲೇ ಗರ್ರ್ ಅಂತ ತಿರುಗಿಸಿ ರಾಂಗ್ ಸೈಡಿನಾಗ ಓಡ್ತಾನ, ಕಾರಿನಾಂವ ಗ್ಲಾಸ್ ಇಳಿಸೋಕಿಂತ ಮೊದ್ಲೇ ಯಾವ್ದೋ ಲೀಡರಿಗೆ ಫೋನ್ ಹಚ್ಚಿ "ಒಂದ್ ನಿಮಿಷ ಮಾತಾಡ್ರಿ ಸಾಹೇಬ್ರ" ಅಂತ ಮೊಬೈಲ್ ಹೊರಗ ಚಾಚ್ತಾನ, ಟೆಂಪೋದಾಂವ ಅಂತೂ ಮಾತೇ ಇಲ್ಲ, ಆರ್‌ಸಿ ಕವರಿನಾಗ ನೋಟು ಮಡಚಿ ರೆಡಿ ಇಟ್ಟಿರ್ತಾನ. ಎಲ್ಲಾರ್ದೂ ಒಂದೇ ಕಥಿ, ತಡದಾಂವ ಯಾರು, ಅವ ಏನು ಕೇಳಬಹುದು ಏನು ಕೇಳಬಾರ್ದು ಅನ್ನೋದು ಗೊತ್ತಿಲ್ಲ. ಅದಕ್ಕ ಬರದೀನಿ, ಸಲ್ಪ ಉದ್ದ ಅದ, ಓದ್ರಿ.

ಮೊದ್ಲು ಒಂದು ಕ್ಲಿಯರ್ ಮಾಡ್ಕೊಬೇಕು. ಗಾಡಿ ನಿಲ್ಲಿಸೋ ಅಧಿಕಾರ ಬ್ಯಾರೆ, ಫೈನ್ ಹಾಕೋ ಅಧಿಕಾರ ಬ್ಯಾರೆ. ಇವೆರಡೂ ಒಂದೇ ಅಂತ ತಿಳ್ಕೊಂಡೇ ಅರ್ಧ ಜಗಳ ಆಗ್ತಾವ. ಯೂನಿಫಾರ್ಮ್‌ನಾಗಿದ್ದು ಟ್ರಾಫಿಕ್ ಡ್ಯೂಟಿ ಮಾಡೋ ಪೊಲೀಸ್ ಕಾನ್ಸ್‌ಟೇಬಲ್ ಇರ್ಲಿ ಯಾರೇ ಇರ್ಲಿ, ಸಿಗ್ನಲ್ ಕೊಟ್ರ ಕೇಳಬೇಕು, ಅದು 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 119. ಲೈಸೆನ್ಸ್ ತೋರಿಸು ಅಂದ್ರ ತೋರಿಸಬೇಕು, ಅದು ಸೆಕ್ಷನ್ 130. "ನೀ ಬರೇ ಕಾನ್ಸ್‌ಟೇಬಲ್, ನಿನಗ್ಯಾಕ ತೋರಿಸ್ಲಿ" ಅಂತ ಅಂದಾಂವ ಸೆಕ್ಷನ್ 179ರಾಗ ಬೀಳ್ತಾನ, 2019ರ ತಿದ್ದುಪಡಿ ಆದ ಮ್ಯಾಲ ಅದಕ್ಕ ಕಾಯ್ದೆದಾಗ 2,000 ರೂಪಾಯಿ ತನಕ ದಂಡ ಅದ. ಆದ್ರ ಅದೇ ಕಾನ್ಸ್‌ಟೇಬಲ್ ಸ್ಪಾಟ್‌ನಾಗ ಫೈನ್ ಕಟ್ಟಿಸ್ಕೊಳ್ಳೋ ಹಂಗಿಲ್ಲ. ನಮ್ ರಾಜ್ಯದಾಗ ಆ ಕೆಲ್ಸ ಎಎಸ್‌ಐ (ಅಸಿಸ್ಟೆಂಟ್ ಸಬ್ ಇನ್ಸ್‌ಪೆಕ್ಟರ್) ಮತ್ತ ಅದಕ್ಕಿಂತ ಮ್ಯಾಲಿನವರ್ದು.

ರ‍್ಯಾಂಕ್ ಹೆಂಗ ಗುರುತಿಸಬೇಕು ಅಂದ್ರ ಭುಜ ನೋಡ್ರಿ. ಒಂದು ಸ್ಟಾರ್, ತುದಿಗೆ ಕೆಂಪು ನೀಲಿ ಪಟ್ಟಿ ಇದ್ರ ಎಎಸ್‌ಐ. ಎರಡು ಸ್ಟಾರ್ ಇದ್ರ ಪಿಎಸ್‌ಐ, ಮೂರಿದ್ರ ಇನ್ಸ್‌ಪೆಕ್ಟರ್. ಸ್ಟಾರ್ ಇಲ್ಲದೇ ಬರೇ ತೋಳಿನ ಮ್ಯಾಲ ಪಟ್ಟಿ ಇದ್ರ ಹೆಡ್ ಕಾನ್ಸ್‌ಟೇಬಲ್. ಕಲಬುರಗಿ ಸಿಟಿ ಒಳಗ ಬಿಳಿ ಶರ್ಟಿನ ಟ್ರಾಫಿಕ್‌ನವ್ರು ಸಿಗ್ತಾರ, ಸಿಟಿ ದಾಟಿ ಜೇವರ್ಗಿ, ಶಹಾಪುರ, ಚಿತ್ತಾಪುರ ಕಡಿ ಹೋದ್ರ ಊರ ಠಾಣೆದವ್ರೇ ಪೂರಾ ಖಾಕಿನಾಗ ಚೆಕಿಂಗ್ ಮಾಡ್ತಾರ, ಅವರಿಗೂ ಅಧಿಕಾರ ಅದ, "ನೀವು ಟ್ರಾಫಿಕ್ ಅಲ್ಲ" ಅಂತ ವಾದ ಹಾಕಬ್ಯಾಡ್ರಿ.

ಇನ್ನ ಖಾಕಿ ಹಾಕ್ಕೊಂಡವ್ರೆಲ್ಲಾ ಪೊಲೀಸ್ರಲ್ಲ. ಜಾತ್ರಿ, ಉರುಸು, ಗಾಣಗಾಪುರದ ಹುಣ್ಣಿಮೆ ಅಂದ್ರ ಹೋಮ್ ಗಾರ್ಡ್‌ನವ್ರು ರೋಡಿನಾಗ ನಿಂತಿರ್ತಾರ, ಅವರು ಹೇಳಿದ ಕಡಿ ಗಾಡಿ ತಿರುಗಿಸ್ರಿ, ಜನ ದಾಟೋತನಕ ನಿಲ್ರಿ, ಪಾಪ ಬಿಸ್ಲಾಗ ನಿಂತು ಸಾಯ್ತಿರ್ತಾರ. ಆದ್ರ ಒಬ್ಬೇ ಹೋಮ್ ಗಾರ್ಡ್ ಬಂದು ಕಾಗದ ತೋರಿಸು, ಫೈನ್ ಕೊಡು ಅಂದ್ರ ಅದು ನಡ್ಯಂಗಿಲ್ಲ, "ನಿಮ್ ಆಫೀಸರ್ ಎಲ್ಲದಾರ್ರಿ" ಅಂತ ಕೇಳ್ರಿ. ಆರ್‌ಟಿಒ ಇನ್ಸ್‌ಪೆಕ್ಟರ್‌ಗಳ್ದೂ ಖಾಕಿನೇ, ಜೀಪಿನ ಮ್ಯಾಲ ಸಾರಿಗೆ ಇಲಾಖೆ ಅಂತ ಬರದಿರ್ತದ. ಇವರಿಗೆ ಗಾಡಿ ತಡಿಯೋ ಪವರ್ ಪೂರಾ ಅದ, ಸೇಡಂ, ಮಳಖೇಡ, ವಾಡಿ ಕಡಿಂದ ಸಿಮೆಂಟ್ ಹೊತ್ಕೊಂಡು ಬರೋ ಲಾರಿ, ಶಹಾಬಾದ್ ಕಲ್ಲಿನ ಲಾರಿ ಓಡ್ಸೋರು ಇದನ್ನ ಸೀರಿಯಸ್ ತಗೋಬೇಕು. ಓವರ್‌ಲೋಡಿಗೆ ಕಾಯ್ದೆ ಪ್ರಕಾರ 20,000 ರೂಪಾಯಿ, ಮ್ಯಾಲ ಹೆಚ್ಚಾದ ಒಂದೊಂದು ಟನ್ನಿಗೆ 2,000. ತೂಕ ಹಾಕಿಸು ಅಂದಾಗ ನಿಲ್ಲದೇ ಓಡಿ ಹೋದ್ರ 40,000. ಸಲ್ಪ ಓವರ್‌ಲೋಡ್ ಇದ್ದಾಂವಗ ನಿಂತು ಕಟ್ಟೋದಕ್ಕಿಂತ ಓಡೋದು ತುಟ್ಟಿ ಬೀಳ್ತದ.

ಹೈವೇದವ್ರ ಗಸ್ತು ಗಾಡಿ ಅದ ಅಲ್ಲ, ಮ್ಯಾಲ ಹಳದಿ ಲೈಟ್ ಹಾಕ್ಕೊಂಡು ತಿರಗ್ತಿರ್ತದ, ಹೈವೇ ಹೆಲ್ಪ್‌ಲೈನ್ 1033ಗೆ ಫೋನ್ ಹಚ್ಚಿದ್ರ ಬರೋದು ಅದೇ. ಅವರು ಪೊಲೀಸ್ರಲ್ಲ, ಡಿಎಲ್ ಕೇಳಂಗಿಲ್ಲ, ಫೈನ್ ಹಾಕಂಗಿಲ್ಲ. ಟೋಲ್ ಬೂತಿನವ್ರೂ ಅಷ್ಟೇ, ಟೋಲ್ ಬಿಟ್ರ ಅವರಿಗೆ ನಿಮ್ ಕಾಗದದ ಉಸಾಬರಿ ಇಲ್ಲ. ಇಂಗ್ಲೆಂಡಿನಾಗ ಇದು ಬ್ಯಾರೆ ನಮೂನಿ ಅದ, ಅಲ್ಲಿ ಮೋಟಾರ್‌ವೇ ಮ್ಯಾಲ ಪೊಲೀಸ್ರಲ್ಲದ ಟ್ರಾಫಿಕ್ ಆಫೀಸರ್ ಅಂತ ಇರ್ತಾರ, 2004ರ ಕಾಯ್ದೆ ಮಾಡಿ ಅವರಿಗೆ ಗಾಡಿ ನಿಲ್ಲಿಸೋ ಅಧಿಕಾರ ಕೊಟ್ಟಾರ, ಮಾತು ಕೇಳ್ಲಿಲ್ಲ ಅಂದ್ರ 1,000 ಪೌಂಡ್ ತನಕ ದಂಡ, ಆದ್ರ ಅವರೂ ಸ್ಪೀಡಿಂಗ್ ಫೈನ್ ಹಾಕಂಗಿಲ್ಲ. ನಮ್ ಕಡಿ ಗಸ್ತು ಗಾಡಿಯಾಂವ ಕೆಂಪು ಬಾವುಟ ಬೀಸಿದ್ರ ಕಾನೂನು ಹುಡುಕ್ಕೋಂತ ಕೂಡಬ್ಯಾಡ್ರಿ, ಮುಂದ ಕಬ್ಬಿನ ಟ್ರ್ಯಾಕ್ಟರ್ ಪಲ್ಟಿ ಆಗಿರ್ತದ, ಸ್ಲೋ ಮಾಡ್ರಿ ಅಷ್ಟೇ.

ಭಾಳ ಹುಷಾರಿರಬೇಕಾದ್ದು ಯೂನಿಫಾರ್ಮೇ ಇಲ್ಲದೇ ಅಡ್ಡ ಬರೋ ಮಂದಿ ಹತ್ರ. ಫೈನಾನ್ಸ್ ಸೀಜಿಂಗ್ ಹುಡುಗ್ರು ರಿಂಗ್ ರೋಡಿನಾಗ ಬೈಕ್ ಅಡ್ಡ ಹಾಕಿ ಕೀ ಕಸ್ಕೋತಾರ, ನಮ್ ಮಂದಿ ಇಎಂಐ ಬಾಕಿ ಅದ ಅನ್ನೋ ಅಂಜಿಕಿಗೆ ಸುಮ್ಮ ಇಳಿದು ಕೊಟ್ಟು ಬಸ್ ಹತ್ತಿ ಊರಿಗೆ ಹೋಗ್ತಾರ. ಬಾಕಿ ಇರ್ಲಿ, ಬಿಡ್ಲಿ, ಗೂಂಡಾಗಿರಿ ಮಾಡಿ ರೋಡಿನಾಗ ಗಾಡಿ ಕಸ್ಕೊಳ್ಳೋದು ತಪ್ಪು ಅಂತ ಸುಪ್ರೀಂ ಕೋರ್ಟೇ 2007ರಾಗ ಹೇಳ್ಯಾದ. 112ಗೆ ಫೋನ್ ಹಚ್ರಿ, ಪೊಲೀಸ್ರು ಬರೋ ತನಕ ಕೀ ಜೇಬಿನಾಗೇ ಇರ್ಲಿ. ಶಾಲು ಹಾಕ್ಕೊಂಡು ಲೋಡ್ ಚೆಕ್ ಮಾಡ್ತೀವಿ ಅಂತ ಬರೋ ಖಾಸಗಿ ಮಂದಿಗೂ ಅದೇ ಉತ್ತರ, 112. ಅಬಕಾರಿದವ್ರು, ಜಿಎಸ್‌ಟಿ ಸ್ಕ್ವಾಡ್‌ನವ್ರು ಮಾತ್ರ ಸರ್ಕಾರದವ್ರೇ, ಅವರ ಐಡಿ ಕಾರ್ಡ್ ಕೇಳಿ ನೋಡ್ರಿ. ಅರಿವೆಯಂಥ ಜಿಎಸ್‌ಟಿ ಬೀಳೋ ಮಾಲು 50,000 ರೂಪಾಯಿಗಿಂತ ಹೆಚ್ಚಿಂದು ರಾಜ್ಯ ದಾಟಸ್ತಿದ್ರ ಇ-ವೇ ಬಿಲ್ (ಮಾಲು ಸಾಗಿಸೋ ಆನ್‌ಲೈನ್ ಚೀಟಿ) ಇಲ್ಲದೇ ಜಹೀರಾಬಾದ್ ಕಡಿ ಹೊಂಟ್ರ ಸಿಕ್ಕೊಂಡು ಬೀಳೋದು ಗ್ಯಾರಂಟಿ.

ಸರಿ, ಈಗ ನಿಲ್ಲಿಸೋದು ಹೆಂಗ. ಇದನ್ನ ಯಾವ ಡ್ರೈವಿಂಗ್ ಸ್ಕೂಲಿನಾಗೂ ಹೇಳಿಕೊಡಂಗಿಲ್ಲ. ಸಿಟಿ ಒಳಗ ಹಿಡಿದಂಗ ಹೈವೇದಾಗ ಗಕ್ಕನೆ ಬ್ರೇಕ್ ಹಿಡೀಬ್ಯಾಡ್ರಿ. ಹಿಂದ ಹೈದರಾಬಾದಿಗೆ ಹೊಂಟಿರೋ ಟ್ರಕ್ ಇರ್ತದ, ಅವಂಗ ಪೊಲೀಸ್ ಕಾಣಂಗಿಲ್ಲ, ನೀವ್ಯಾಕ ನಿಂತ್ರಿ ಅನ್ನೋದೂ ತಿಳಿಯಂಗಿಲ್ಲ. ಕನ್ನಡಿ ನೋಡ್ರಿ, ಎಡ ಇಂಡಿಕೇಟರ್ ಹಾಕ್ರಿ, ಕೈ ತೋರ್ಸಿದ್ದು ನೋಡೀನಿ ಅನ್ನಂಗ ಅವರ ಕಡಿ ತಲಿ ಆಡಿಸ್ರಿ, ನಿಧಾನಕ್ಕ ಬಿಳಿ ಗೆರಿ ದಾಟಿ ಪೂರಾ ಎಡಕ್ಕ ತಗೋರಿ. ಕೊನೆ ಗಳಿಗಿದಾಗ ಕೈ ಹಾಕಿದ್ರ ಐವತ್ತು ಮೀಟರ್ ಮುಂದ ಹೋಗಿ ನಿಂತ್ರೂ ನಡೀತದ, ಹಜಾರ್ಡ್ ಲೈಟ್ ಹಾಕಿದ್ರ ಓಡಿ ಹೊಂಟಿಲ್ಲ ಅಂತ ಅವರಿಗೂ ತಿಳೀತದ. ಎಂಜಿನ್ ಬಂದ್ ಮಾಡಿ ಹ್ಯಾಂಡ್ ಬ್ರೇಕ್ ಎಳೀರಿ. ಮಕ್ಕಳನ್ನ ಇಳಿಸಬ್ಯಾಡ್ರಿ, ಬಲಗಡಿ ಬಾಗಿಲು ತೆಗಿಯೋ ಮುಂದ ಹಿಂದ ನೋಡ್ರಿ, ಈ ಒಂದು ಕಾರಣಕ್ಕ ಎಷ್ಟೋ ಮಂದಿ ಹೋಗ್ಯಾರ.

ರಾತ್ರಿ ಆದ್ರ ಗಾಡಿ ಒಳಗಿನ ಲೈಟ್ ಹಾಕ್ರಿ. ಜೀಪಿಲ್ಲ, ಬ್ಯಾರಿಕೇಡಿಲ್ಲ, ನೇಮ್ ಪ್ಲೇಟ್ ಇಲ್ಲ, ಬರೇ ಟಾರ್ಚ್ ಹಿಡ್ಕೊಂಡಾಂವ ಒಬ್ಬ ಅದಾನ, ಅನುಮಾನ ಬಂತು ಅಂದ್ರ ಗ್ಲಾಸ್ ಸಲ್ಪೇ ಇಳಿಸಿ, 112ಗೆ ಹಚ್ಚಿ, ಎಲ್ಲಿದ್ದೀನಿ ಅಂತ ಅವನಿಗೆ ಕೇಳೋ ಹಂಗ ಹೇಳ್ರಿ. ನಿಜವಾದ ಪೊಲೀಸ್ ಅದಕ್ಕ ಸಿಟ್ಟು ಮಾಡಂಗಿಲ್ಲ, ಮಾಡಿದ್ರೂ ಆಮೇಲೆ ತಣ್ಣಗಾಗ್ತಾನ.

ಕಾಗದ ಪತ್ರದ ವಿಷಯಕ್ಕ ಬಂದ್ರ ಡಿಜಿಲಾಕರ್ ಇಲ್ಲಾ ಎಂಪರಿವಾಹನ್ ಆಪ್‌ನಾಗ ಇದ್ರ ಸಾಕು, 2018ರಿಂದ ಅದು ಒರಿಜಿನಲ್ ಇದ್ದಂಗೇ ನಡೀತದ, ಕೇಂದ್ರ ಮೋಟಾರು ವಾಹನ ನಿಯಮ 139ರಾಗ ಎಲೆಕ್ಟ್ರಾನಿಕ್ ರೂಪದಾಗ ತೋರಿಸಬಹುದು ಅಂತ ಸಾಫ್ ಬರದದ. ವಾಟ್ಸಾಪ್‌ನಾಗಿನ ಡಿಎಲ್ ಫೋಟೋ ಮಾತ್ರ ನಡ್ಯಂಗಿಲ್ಲ, ಅದನ್ನ ತೋರ್ಸಿ ಜಗಳ ಆಡೋರೇ ಜಾಸ್ತಿ. ಒಂದು ಕೆಲ್ಸ ಮಾಡ್ರಿ, ಆಳಂದ ಅಫಜಲಪುರ ಕಡಿ ಎಷ್ಟೋ ಕಡಿ ನೆಟ್‌ವರ್ಕ್ ಸಿಗಂಗಿಲ್ಲ, ಮನ್ಯಾಗ ಇದ್ದಾಗೇ ಆಪ್ ತೆಗದು ಎಲ್ಲಾ ಡೌನ್‌ಲೋಡ್ ಮಾಡಿಟ್ಕೊರಿ. ಇನ್ಶೂರೆನ್ಸ್ ಮುಗಿಯೋ ತಾರೀಖು ಅದರಾಗೇ ಕಾಣ್ತದ, ಎಮಿಷನ್ ಸರ್ಟಿಫಿಕೇಟ್ ಮಾತ್ರ ಎಲ್ಲಾರೂ ಮರೀತಾರ.

ಸುಮ್ ಸುಮ್ನೆ ತಡಿಯೋ ಹಂಗದೇನು ಅಂತ ಭಾಳ ಮಂದಿ ಕೇಳ್ತಾರ. ಪ್ರವೀಣ್ ಸೂದ್ ನಮ್ ರಾಜ್ಯದ ಡಿಜಿಪಿ (ಪೊಲೀಸ್ ಮುಖ್ಯಸ್ಥ) ಇದ್ದಾಗ 2022ರಾಗ, ಕಣ್ಣಿಗೆ ಕಾಣೋ ತಪ್ಪು ಮಾಡಿರ್ಲಿಲ್ಲ ಅಂದ್ರ ಬರೇ ಡಾಕ್ಯುಮೆಂಟ್ ಚೆಕ್ ಮಾಡಾಕ ಗಾಡಿ ತಡೀಬ್ಯಾಡ್ರಿ, ಕುಡಿದು ಓಡ್ಸೋ ಕೇಸ್ ಮಾತ್ರ ಬಿಟ್ಟು ಅಂತ ಹೇಳಿದ್ರು, ಆದ್ರ ಅದನ್ನ ಜಾರಿ ಮಾಡಾಕ ಸೂಚನೆ ಕೊಟ್ಟಿದ್ದು ಬೆಂಗಳೂರು ಪೊಲೀಸ್ರಿಗೆ, ಹಿಂಗಾಗಿ ಆ ಸ್ಕ್ರೀನ್‌ಶಾಟ್ ಹಿಡ್ಕೊಂಡು ಯಾದಗಿರಿದಾಗ ವಾದ ಮಾಡಿದ್ರ ಫಾಯ್ದಾ ಇಲ್ಲ. 2025ರ ಮೇ ತಿಂಗಳ್ದಾಗ ಮಂಡ್ಯದಾಗ ತಪಾಸಣೆಗೆ ಬೈಕ್ ತಡದಾಗ ತಾಯಿ ತಂದಿ ಜೊತಿ ಇದ್ದ ಸಣ್ಣ ಕೂಸು ಬಿದ್ದು ಸತ್ತಿತ್ತು, ಮೂವರು ಎಎಸ್‌ಐ ಸಸ್ಪೆಂಡ್ ಆದ್ರು. ಅದಾದ ಮ್ಯಾಲ ಡಿಜಿಪಿ ಎಂ.ಎ. ಸಲೀಂ ಇಡೀ ರಾಜ್ಯಕ್ಕ ಸುತ್ತೋಲೆ ಹೊರಡಿಸಿದ್ರು, ದಿಢೀರ್ ಅಂತ ಅಡ್ಡ ಬಂದು ತಡೀಬಾರ್ದು, ಕೀ ಕಿತ್ಕೋಬಾರ್ದು, ಬೆನ್ನು ಹತ್ತಿ ಹೋಗಬಾರ್ದು ಅಂತ. ಇದು ನಮ್ ಕಡಿನೂ ಲಾಗೂ ಆಗ್ತದ. ಕೀಗೆ ಕೈ ಹಾಕಿದ್ರ ಕೈ ಹಿಡಿದು ಎಳದಾಡಬ್ಯಾಡ್ರಿ, "ಸರ್, ಕೀ ತಗಿಬಾರ್ದು ಅಂತ ಸರ್ಕ್ಯುಲರ್ ಅದ ಅಲ್ರಿ" ಅಂತ ಬಾಯಿಲೆ ಹೇಳ್ರಿ. ಯಾಕಂದ್ರ ಎಳದಾಡಿದ್ದು ವಿಡಿಯೋದಾಗ ಬಂತಂದ್ರ ಫೈನಿನ ಮಾತು ಹೋಗಿ ಬಿಎನ್‌ಎಸ್ (ಐಪಿಸಿ ಬದ್ಲು ಬಂದ ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 132 ಬರ್ತದ, ಡ್ಯೂಟಿನಾಗಿರೋ ಸರ್ಕಾರಿ ನೌಕರನ ಮ್ಯಾಲ ಕೈ ಮಾಡಿದ್ದು, ಎರಡು ವರ್ಷದ ತನಕ ಜೈಲು. ಐನೂರು ರೂಪಾಯಿ ಹೆಲ್ಮೆಟ್ ಕೇಸು ಎಲ್ಲಿಗೆ ಹೋಯ್ತು ನೋಡ್ರಿ. ಮೊಬೈಲ್‌ನಾಗ ರೆಕಾರ್ಡ್ ಮಾಡ್ರಿ, ತಪ್ಪಿಲ್ಲ, ಅವರ ಮಾರಿಗೆ ಹಿಡೀದೇ, ಕೆಲ್ಸಕ್ಕ ಅಡ್ಡ ಬರದೇ ಮಾಡ್ರಿ.

ಕುಡಿದು ಓಡ್ಸೋದ್ರ ಚೆಕಿಂಗ್ ಇದ್ರ ಮಷೀನಿಗೆ ಹೊಸ ಪೈಪ್ ಹಾಕಿಸ್ರಿ, ಊದಂಗಿಲ್ಲ ಅಂತ ಹಟ ಮಾಡಬ್ಯಾಡ್ರಿ, ಅನುಮಾನ ಇದ್ರ ವಾರಂಟ್ ಇಲ್ಲದೇ ಅರೆಸ್ಟ್ ಮಾಡಾಕ ಕಾಯ್ದೆದಾಗ ಅವಕಾಶ ಅದ. 100 ಎಂಎಲ್ ರಕ್ತದಾಗ 30 ಮಿಲಿಗ್ರಾಂ ದಾಟಿದ್ರ ಕೇಸು, ಅದು ಕೋರ್ಟಿಗೇ ಹೋಗ್ತದ, ಮೊದ್ಲನೇ ಸಲಕ್ಕೇ 10,000 ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ. "ಇಲ್ಲೇ ಮುಗಿಸೋಣ ಸರ್" ಅನ್ನೋ ಮಾತು ಇದರಾಗ ತಗೀಬಾರ್ದು. ಹಂಗೇ ಪಿಯುಸಿ ಓದೋ, 18 ತುಂಬದ ಮಗನ ಕೈಯಾಗ ಬುಲೆಟ್ ಕೊಟ್ಟು ಕಳ್ಸೋ ಅಪ್ಪಂದ್ರಿಗೆ 25,000 ದಂಡ ಮತ್ತ ಮೂರು ವರ್ಷ ತನಕ ಜೈಲು, ಇದನ್ನ ಹೇಳಿದ್ರ ಯಾರೂ ನಂಬಂಗಿಲ್ಲ, ಸೆಕ್ಷನ್ 199ಎ ತೆಗದು ಓದ್ರಿ.

ಫೈನ್ ಕಟ್ಟೋದು ಬಂತಂದ್ರ ಕಟ್ರಿ, ಆದ್ರ ಕೈಯಾಗ ಕೊಡಬ್ಯಾಡ್ರಿ. ಮಷೀನಿನ ರಸೀದಿ ತಗೋರಿ, ಅದರಾಗ ಗಾಡಿ ನಂಬರ್, ಯಾವ ಸೆಕ್ಷನ್, ಎಷ್ಟು ರೂಪಾಯಿ ಅಂತ ಬಂದಿರಬೇಕು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಫೋನ್‌ಪೇದಾಗ ಯಾರ ಹೆಸ್ರು ಬರ್ತದ ನೋಡ್ರಿ, ಇಲಾಖೆ ಹೆಸ್ರು ಬರೋ ಜಾಗಾದಾಗ ಯಾರೋ ಕಾಕಾನ ಪರ್ಸನಲ್ ನಂಬರ್ ಬಂದ್ರ ಪಿನ್ ಒತ್ತಬ್ಯಾಡ್ರಿ. ರೊಕ್ಕ ಇಲ್ಲಾ ಅಂದ್ರ ಚಲನ್ ತಗೊಂಡು ಆಮೇಲೆ ಆನ್‌ಲೈನ್‌ನಾಗ ಇಲ್ಲಾ ಕರ್ನಾಟಕ ಒನ್‌ದಾಗ ಕಟ್ಟಬಹುದು. ಸರ್ಕಾರ 50 ಪರ್ಸೆಂಟ್ ರಿಯಾಯ್ತಿ ಕೊಡ್ತದ ಅಂತ ಕಾಯ್ಕೊಂಡು ಕೂಡೋರೂ ಅದಾರ, 2023ರಾಗ, 2025ರಾಗ ಕೊಟ್ಟಿತ್ತು ಖರೆ, ಪ್ರಾಮಾಣಿಕವಾಗಿ ಕಟ್ಟಿದಾಂವ ಮೂರ್ಖ ಆದಂಗ ಆಗ್ತದ ಅಂತ ನನ್ ಅಭಿಪ್ರಾಯ, ಇರ್ಲಿ. ವಾಟ್ಸಾಪ್‌ನಾಗ ಚಲನ್ ಅಂತ ಎಪಿಕೆ ಫೈಲ್ (ಫೋನಿನಾಗ ಆಪ್ ಇನ್‌ಸ್ಟಾಲ್ ಮಾಡೋ ಫೈಲ್) ಬಂದ್ರ ಒತ್ತಲೇಬ್ಯಾಡ್ರಿ, ಅಕೌಂಟ್ ಖಾಲಿ ಆಗ್ತದ, ನಿಜವಾದ ಚಲನ್ ಹಂಗ ಬರಂಗಿಲ್ಲ.

ಲೈಸೆನ್ಸ್ ಕಸ್ಕೊಂಡ್ರ ಅದಕ್ಕ ಅಕ್ನಾಲೆಜ್‌ಮೆಂಟ್ ಕೊಡಬೇಕು, ಸೆಕ್ಷನ್ 206 ಹಂಗೇ ಹೇಳ್ತದ, ಕೇಳಿ ತಗೋರಿ, ಆ ಚೀಟಿ ಕಳ್ಕೋಬ್ಯಾಡ್ರಿ. ಪೂರಾ ಗಾಡಿ ಸೀಜ್ ಮಾಡ್ತೀನಿ ಅಂದ್ರ ಎಲ್ಲದಕ್ಕೂ ಆಗಂಗಿಲ್ಲ, ರಿಜಿಸ್ಟ್ರೇಷನ್ ಇಲ್ಲ, ಪರ್ಮಿಟ್ ಇಲ್ಲ, ಡ್ರೈವರ್‌ಗೆ ಲೈಸೆನ್ಸ್ ಇಲ್ಲ, ಹಿಂತಾವಕ್ಕ ಸೆಕ್ಷನ್ 207 ಅದ. ಹೆಲ್ಮೆಟ್ ಇಲ್ಲ ಅನ್ನೋ ಒಂದೇ ಕಾರಣಕ್ಕ ಆ ಸೆಕ್ಷನ್ ಬರಂಗಿಲ್ಲ.

ಲೀಡರಿಗೆ ಫೋನ್ ಹಚ್ಚೋ ವಿಷಯ ಒಂದು ಹೇಳಿಬಿಡ್ತೀನಿ. ಮೊದ್ಲು ನಡೀತಿತ್ತು, ಈಗ ಬಾಡಿ ಕ್ಯಾಮೆರಾ ಬಂದಾವ, ಮಷೀನಿನಾಗ ನಂಬರ್ ಹೊಡೆದಿದ್ದು ಆನ್‌ಲೈನ್ ಆಗಿಬಿಡ್ತದ, ಎಎಸ್‌ಐ ಬಿಡ್ತೀನಿ ಅಂದ್ರೂ ಅವನ ಕೈಯಾಗ ಇರಂಗಿಲ್ಲ. ಅದರ ಬದ್ಲು "ಏನು ತಪ್ಪಾಗ್ಯಾದ್ರಿ ಸರ್" ಅಂತ ಕೇಳಿದಾಂವ ಎರಡು ನಿಮಿಷದಾಗ ಹೊಂಟು ಹೋಗ್ತಾನ, ಫೋನ್ ಹಿಡ್ಕೊಂಡಾಂವ ಅರ್ಧ ತಾಸು ಅಲ್ಲೇ ಬಿಸ್ಲಾಗ ನಿಂತಿರ್ತಾನ.

ಖರೇ ಅನ್ಯಾಯ ಆದ್ರ, ರೊಕ್ಕ ಕೇಳಿದ್ರ, ಬೈದ್ರ, ಹೊಡದ್ರ, ಅಲ್ಲೇ ಬಗೆಹರಿಸ್ತೀನಿ ಅನ್ನಬ್ಯಾಡ್ರಿ. ಎದಿ ಮ್ಯಾಲಿನ ನೇಮ್ ಪ್ಲೇಟ್ ಓದ್ಕೊರಿ, ಜೀಪಿನ ನಂಬರ್, ಟೈಮು, ಯಾವ ಊರ ಕ್ರಾಸ್, ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಬರ್ಕೊರಿ. ಕಲಬುರಗಿ ಸಿಟಿ ಲಿಮಿಟ್ ಆದ್ರ ಕಮಿಷನರ್ ಆಫೀಸು, ಹೊರಗಾದ್ರ ಆಯಾ ಜಿಲ್ಲಾದ ಎಸ್‌ಪಿ ಆಫೀಸು, ಅಲ್ಲಿ ಆಗ್ಲಿಲ್ಲ ಅಂದ್ರ ಪೊಲೀಸ್ ದೂರು ಪ್ರಾಧಿಕಾರ ಅದ, ಲಂಚದ ಕೇಸ್ ಆದ್ರ ಲೋಕಾಯುಕ್ತ. ಅರ್ಜಿ ಒಂದೇ ಪೇಜಿನಾಗ ಮುಗಿಸ್ರಿ, ವಿಡಿಯೋ ಇದ್ರ ಪೆನ್‌ಡ್ರೈವ್‌ನಾಗ ಹಾಕಿ ಕೊಡ್ರಿ, ಎರಡನೇ ಕಾಪಿ ಮ್ಯಾಲ ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಹೊರಗ ಬರ್ರಿ.